ಯೋನಿದ್ವಾರದ ಉರಿಗೆ ಪಥ್ಯ: ಏನು ಬಿಡಬೇಕು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು

ಯೋನಿಯ ಹೊರಭಾಗದಲ್ಲಿ, ಅದರಲ್ಲೂ ದ್ವಾರದ ಸುತ್ತ, ಹಸಿ ಗಾಯಕ್ಕೆ ಉಪ್ಪುನೀರು ಬಿದ್ದ ಹಾಗೆ ಉರಿ. ಸೋಂಕಿಲ್ಲ, ಹುಣ್ಣಿಲ್ಲ, ಚರ್ಮ ನೋಡಿದರೆ ಸರಿಯಾಗಿಯೇ ಇದೆ. ಹೀಗೆ ಕನಿಷ್ಠ ಮೂರು ತಿಂಗಳಿಂದ ಇದ್ದು, ತಪಾಸಣೆಯಲ್ಲಿ ಸ್ಪಷ್ಟ ಕಾರಣ ಸಿಗದ ನೋವಿಗೆ ವೈದ್ಯರು ವಲ್ವೊಡೀನಿಯಾ ಎನ್ನುತ್ತಾರೆ. ಈ ವ್ಯಾಖ್ಯೆ ಗಟ್ಟಿಯಾದದ್ದು 2015ರಲ್ಲಿ. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಮನೆಯಲ್ಲಿ ಇದಕ್ಕೆ ಮೊದಲು ಸಿಗುವ ಉತ್ತರ "ಉಷ್ಣ ಆಗಿದೆ, ತಂಪಿಗೆ ಏನಾದರೂ ಕುಡಿ". ಎಳನೀರು, ಒಂದೆಲಗದ ತಂಬುಳಿ, ಕೊತ್ತಂಬರಿ ನೀರು ಯಾವುದರಿಂದಲೂ ನಷ್ಟವಿಲ್ಲ. ಅದರಲ್ಲೇ ವರ್ಷಗಟ್ಟಲೆ ಕಳೆದರೆ ಮಾತ್ರ ನಷ್ಟ. ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಉತ್ತರ ಬೇರೆ: ಆಕ್ಸಲೇಟ್, ಅಂದರೆ ಸೊಪ್ಪು, ಬೀಜಗಳಲ್ಲಿ ಸಹಜವಾಗಿ ಇರುವ ಒಂದು ಅಂಶ, ಕಡಿಮೆ ಇರುವ ಊಟ. ಇಲ್ಲಿ ಹೇಳುವುದು ಹೆಚ್ಚಾಗಿ ಆ ಪಥ್ಯದ ಬಗ್ಗೆ. ಅದರಿಂದ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ, ಆದರೆ ಸರಿಯಾದ ಕ್ರಮದಲ್ಲಿ ಮಾಡಿದರೆ ಖರ್ಚಿಲ್ಲದೆ ಪರೀಕ್ಷಿಸಿ ನೋಡಬಹುದು.

ಪಥ್ಯಕ್ಕೆ ಮೊದಲು ತಪಾಸಣೆ

ಇದೇ ಥರ ಉರಿಯುವ ಬೇರೆ ತೊಂದರೆಗಳಿವೆ, ಅವುಗಳಿಗೆ ನೇರವಾದ ಔಷಧ ಇದೆ. ಕ್ಯಾಂಡಿಡಾ ಎಂಬ ಫಂಗಸ್ ಸೋಂಕು, ಸೋಪು ಅಥವಾ ಪ್ಯಾಡಿನ ಅಲರ್ಜಿ, ಹರ್ಪಿಸ್, ಚರ್ಮ ಬೆಳ್ಳಗಾಗಿ ತೆಳುವಾಗುವ ಲೈಕೆನ್ ಸ್ಕ್ಲೆರೋಸಸ್, ಮುಟ್ಟು ನಿಂತ ಮೇಲೆ ಅಥವಾ ಮೊಲೆಯೂಡಿಸುವಾಗ ಈಸ್ಟ್ರೋಜನ್ ಇಳಿದು ಬರುವ ಒಣಗುವಿಕೆ. ಇವನ್ನು ಬದಿಗೆ ಸರಿಸಿದ ಮೇಲೆಯೇ ವಲ್ವೊಡೀನಿಯಾ ಎಂಬ ಮಾತು. ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಕ್ರೀಮಿನಲ್ಲಿ ಹೋಗುವ ಉರಿಗೆ ಸೊಪ್ಪು ಬಿಟ್ಟು ಕೂರುವುದರಲ್ಲಿ ಅರ್ಥವಿಲ್ಲ.

ವೈದ್ಯರ ಹತ್ತಿರ "ಕೆಳಗೆ ಉರಿ" ಎಂದಷ್ಟೇ ಹೇಳಿದರೆ ಉರಿಮೂತ್ರದ ಮಾತ್ರೆ ಅಥವಾ ಬಿಳಿಸೆರಗಿನ ಔಷಧ ಕೈಗೆ ಬರುವುದೇ ಹೆಚ್ಚು. ನಾಲ್ಕು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಸುಮ್ಮನಿದ್ದಾಗಲೂ ಉರಿಯೋ, ಮುಟ್ಟಿದಾಗ ಮಾತ್ರವೋ, ಎಲ್ಲ ಕಡೆಯೋ, ದ್ವಾರದ ಸುತ್ತ ಮಾತ್ರವೋ, ಮೊದಲಿನಿಂದಲೂ ಇತ್ತೋ, ಯಾವುದಾದರೂ ಸೋಂಕು ಅಥವಾ ಹೆರಿಗೆಯ ನಂತರ ಶುರುವಾಯಿತೋ, ಈವರೆಗೆ ಹಚ್ಚಿದ ಎಲ್ಲ ಮುಲಾಮುಗಳ ಹೆಸರು. ಒದ್ದೆ ಮಾಡಿದ ಕಾಟನ್ ಬಡ್ಡಿನಿಂದ ದ್ವಾರದ ಸುತ್ತ ಗಡಿಯಾರದ ಅಂಕಿಗಳಂತೆ ಒಂದೊಂದೇ ಕಡೆ ಮೃದುವಾಗಿ ಒತ್ತಿ, ಎಲ್ಲಿ ಎಷ್ಟು ನೋವು ಎಂದು ಕೇಳುವುದು ಇದರ ಮುಖ್ಯ ಪರೀಕ್ಷೆ. ಯಂತ್ರ ಬೇಕಿಲ್ಲ, ಎರಡು ನಿಮಿಷ ಸಾಕು. ಅವರಾಗಿಯೇ ಮಾಡದಿದ್ದರೆ ನೀವೇ ಕೇಳಬಹುದು. ಇದು ಕ್ಯಾಂಡಿಡಾ ಎಂದು ವೈದ್ಯರು ಹೇಳಿದರೆ ಸ್ವಾಬ್ (ಹತ್ತಿಕಡ್ಡಿಯಲ್ಲಿ ಮಾದರಿ) ತೆಗೆದು ಕಲ್ಚರ್ (ಫಂಗಸ್ ಬೆಳೆಯುತ್ತದೆಯೋ ಎಂದು ನೋಡುವ ಪರೀಕ್ಷೆ) ಮಾಡಿಸಿ ಎನ್ನಿ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಸ್ತ್ರೀರೋಗ, ಚರ್ಮರೋಗ ಎರಡೂ ವಿಭಾಗಗಳಿವೆ. ಶಿರಸಿ ಕಡೆಯವರಿಗೆ ಹುಬ್ಬಳ್ಳಿಯೂ ಇದೆ.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಮಿಶ್ರ ಮುಲಾಮುಗಳನ್ನು, ಅಂದರೆ ಸ್ಟಿರಾಯ್ಡ್, ಫಂಗಸ್ ಔಷಧ, ಆಂಟಿಬಯಾಟಿಕ್ ಮೂರೂ ಒಂದೇ ಟ್ಯೂಬಿನಲ್ಲಿ ಇರುವವನ್ನು, ಇಂದೇ ನಿಲ್ಲಿಸಿ. ಎರಡು ದಿನ ಹಾಯೆನಿಸುತ್ತದೆ, ತಿಂಗಳಾಗುವಾಗ ಚರ್ಮ ತೆಳುವಾಗಿ ಉರಿ ಹೆಚ್ಚಾಗುತ್ತದೆ. ಬಹಳ ದಿನದಿಂದ ಹಚ್ಚುತ್ತಿದ್ದರೆ ವೈದ್ಯರಿಗೆ ತಿಳಿಸಿ, ಅವರ ಮಾತಿನಂತೆ ಬಿಡಿ.

ಆಕ್ಸಲೇಟ್ ವಾದ ಎಲ್ಲಿಂದ ಬಂತು

ಸೊಪ್ಪು, ಬೀಜಗಳಲ್ಲಿರುವ ಆಕ್ಸಲೇಟ್ ಮೂತ್ರದಲ್ಲಿ ಹೊರಬರುತ್ತದೆ, ಹೊರಬರುವಾಗ ಸೂಕ್ಷ್ಮ ಚರ್ಮವನ್ನು ಕೆಣಕುತ್ತದೆ ಎಂಬುದು ವಾದ. ಶುರುವಾದದ್ದು 1991ರಲ್ಲಿ, ಒಬ್ಬ ಮಹಿಳೆಗೆ ಕ್ಯಾಲ್ಸಿಯಂ ಸಿಟ್ರೇಟ್ ಕೊಟ್ಟು ಗುಣವಾಯಿತು ಎಂಬ ವರದಿಯಿಂದ. 1997ರಲ್ಲಿ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಿದ್ದ 59 ಮಹಿಳೆಯರಿಗೆ ಮೂರು ತಿಂಗಳು ಇದೇ ಪಥ್ಯ ಮತ್ತು ಮಾತ್ರೆ ಕೊಟ್ಟು ನೋಡಿದರು. 14 ಜನರಿಗೆ ಸುಧಾರಣೆ ಕಂಡಿತು; ನೋವಿಲ್ಲದೆ ಸಂಭೋಗ ಸಾಧ್ಯವಾದದ್ದು 6 ಜನರಿಗೆ. ಪಥ್ಯ ಮಾಡದ ಗುಂಪನ್ನು ಪಕ್ಕಕ್ಕಿಟ್ಟು ಹೋಲಿಸಿರಲಿಲ್ಲ. ಆಗಲೇ ಇರುವ ಉರಿಯನ್ನು ಆಕ್ಸಲೇಟ್ ಹೆಚ್ಚಿಸಬಹುದು, ಅದೇ ಮೂಲ ಕಾರಣ ಎನ್ನುವುದು ಅನುಮಾನ ಎಂದೇ ಆ ಸಂಶೋಧಕರೂ ಹೇಳಿದರು. 2008ರಲ್ಲಿ ನೋವಿದ್ದ 242 ಮಹಿಳೆಯರ ಊಟವನ್ನು ನೋವಿಲ್ಲದ 242 ಮಹಿಳೆಯರ ಊಟದ ಜತೆ ಹೋಲಿಸಿದಾಗ ಆಕ್ಸಲೇಟ್ ತಿನ್ನುವುದಕ್ಕೂ ಈ ನೋವಿಗೂ ನಂಟು ಕಾಣಲಿಲ್ಲ.

ಹಾಗಾಗಿ ಇದು ಮದ್ದಲ್ಲ, ಗಡುವು ಹಾಕಿಕೊಂಡು ಮಾಡುವ ಪ್ರಯೋಗ. ಮೂತ್ರ ಮಾಡುವಾಗ ಅಥವಾ ಮಾಡಿದ ಮೇಲೆ ಉರಿ ಏರುವವರು, ಕಿಡ್ನಿ ಕಲ್ಲು ಆಗಿದ್ದವರು ಮಾಡಿ ನೋಡುವುದಕ್ಕೆ ಸ್ವಲ್ಪ ಅರ್ಥವಿದೆ. ಮುಟ್ಟಿದಾಗ ಮಾತ್ರ ನೋಯುವವರು ಇದನ್ನು ಬಿಟ್ಟು ಕೆಳಗೆ ಹೇಳಿರುವ ಸ್ನಾಯುಗಳ ಭಾಗದಿಂದ ಶುರುಮಾಡಿದರೆ ಒಳ್ಳೆಯದು. ಗರ್ಭಿಣಿಯರು, ರಕ್ತಹೀನತೆ ಇರುವವರು, ಮೊದಲೇ ಊಟ ಕಡಿಮೆಯಾಗಿ ತೂಕ ಇಳಿದವರು ವೈದ್ಯರನ್ನು ಕೇಳದೆ ಪಥ್ಯಕ್ಕೆ ಇಳಿಯಬಾರದು.

ನಮ್ಮ ಅಡುಗೆಯಲ್ಲಿ ಎಲ್ಲೆಲ್ಲಿ ಇದೆ

ಕಡಿಮೆ ಆಕ್ಸಲೇಟ್ ಊಟವೆಂದರೆ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ ಒಳಗೆ. ಬೇಯಿಸಿದ ಪಾಲಕ್ ಅರ್ಧ ಕಪ್ಪಿನಲ್ಲೇ 700 ದಾಟುತ್ತದೆ. ಪ್ರತಿ ತುತ್ತಿನ ಲೆಕ್ಕ ಬೇಡ. ತಳಿ, ಮಣ್ಣು, ಋತುವಿನ ಮೇಲೆ ಅಂಕಿ ಬದಲಾಗುತ್ತಲೇ ಇರುತ್ತದೆ. ದೊಡ್ಡ ಮೂಲಗಳನ್ನು ತೆಗೆದರೆ ಸಾಕು.

ಪೂರ್ತಿ ಬಿಡಬೇಕಾದವು: ಪಾಲಕ್, ಹರಿವೆ, ಬಸಳೆ, ಕೆಸುವಿನ ಎಲೆ ಮತ್ತು ಗೆಡ್ಡೆ, ಬೀಟ್‌ರೂಟ್, ಸಿಹಿಗೆಣಸು, ಎಳ್ಳು, ಬಾದಾಮಿ, ಗೇರುಬೀಜ, ಶೇಂಗಾ, ಬಿಂಬುಳಿ, ಕೋಕೋ ಹಾಕಿದ ತಿಂಡಿಗಳು. ರಾಗಿ, ಬೆಂಡೆಕಾಯಿ, ಹಾಲಿಲ್ಲದ ಕಡು ಚಹಾ ಇವನ್ನೂ ಪ್ರಯೋಗ ಮುಗಿಯುವ ತನಕ ಬದಿಗಿಡಿ. ಗೇರುಬೀಜದ ಸೀಸನ್ನಿನಲ್ಲಿ ಮನೆಯಲ್ಲಿ ಡಬ್ಬಿ ತುಂಬಿರುವಾಗ ಇದು ಸುಲಭವಲ್ಲ, ಗೊತ್ತು.

ಪತ್ರೊಡೆ, ಕರಕಲಿ ತಿನ್ನುವವರಿಗೆ ಒಂದು ವಿಷಯ. ಕೆಸು ಬಾಯಿ ತುರಿಸುವುದು ಅದರಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಹುಳಿ ಹಾಕಿದರೆ ತುರಿಕೆ ತಗ್ಗುತ್ತದೆ, ಆಕ್ಸಲೇಟ್ ಮಾಯವಾಗುವುದಿಲ್ಲ. ತುರಿಸಲಿಲ್ಲ, ಆದ್ದರಿಂದ ತೊಂದರೆಯಿಲ್ಲ ಎಂದು ಲೆಕ್ಕ ಹಾಕಬೇಡಿ. ನೀರಿನಲ್ಲಿ ಕರಗುವ ಆಕ್ಸಲೇಟ್ ಬೇರೆಯೇ ಇದೆ, ಕರುಳು ಹೀರಿಕೊಳ್ಳುವುದು ಹೆಚ್ಚಾಗಿ ಅದನ್ನು. ತುಂಬ ನೀರಿನಲ್ಲಿ ಸೊಪ್ಪನ್ನು ಕುದಿಸಿ ಆ ನೀರು ಚೆಲ್ಲಿದರೆ ಅದರ ದೊಡ್ಡ ಪಾಲು ಹೋಗುತ್ತದೆ. ಪತ್ರೊಡೆ ಆವಿಯಲ್ಲಿ ಬೇಯುವುದರಿಂದ ಇಳಿಯುವುದು ಕಡಿಮೆ. ಕರಕಲಿಯಲ್ಲಿ ಬೆಂದ ಸೊಪ್ಪಿನ ರಸವೆಲ್ಲ ಪಾತ್ರೆಯಲ್ಲೇ ಉಳಿಯುತ್ತದೆ.

ಧಾರಾಳವಾಗಿ ತಿನ್ನಬಹುದಾದವು: ಅನ್ನ, ಕುಚಲಕ್ಕಿ ಗಂಜಿ, ಸೌತೆಕಾಯಿ, ಮಗೆಕಾಯಿ, ಬೂದುಗುಂಬಳ, ಎಲೆಕೋಸು, ತೆಂಗಿನಕಾಯಿ, ಮೊಸರು, ಮಜ್ಜಿಗೆ, ಮೊಟ್ಟೆ, ಮಾವು, ಬಾಳೆಹಣ್ಣು. ಮೀನಿನಲ್ಲಿ ಆಕ್ಸಲೇಟ್ ಇಲ್ಲವೆಂದೇ ಹೇಳಬಹುದು. ಬಂಗಡೆ, ತಾರ್ಲೆ ಎರಡೂ ಸರಿ; ಮೆತ್ತಗೆ ಬೆಂದ ಸಣ್ಣ ತಾರ್ಲೆಯನ್ನು ಮುಳ್ಳು ಸಮೇತ ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಸಾರಿಗೆ ಬಿಂಬುಳಿ ಬದಲು ಮಾವಿನಕಾಯಿ ಹೋಳು ಹಾಕಿ.

ಕ್ಯಾಲ್ಸಿಯಂ ಈ ಪಥ್ಯದ ಅರ್ಧ ಭಾಗ. ಊಟದ ಜತೆಯಲ್ಲೇ ಕ್ಯಾಲ್ಸಿಯಂ ಹೋದರೆ ಕರುಳಿನಲ್ಲೇ ಆಕ್ಸಲೇಟಿಗೆ ಅಂಟಿಕೊಂಡು ಮಲದಲ್ಲಿ ಹೊರಹೋಗುತ್ತದೆ. ಊಟ ಮುಗಿದು ಎರಡು ಗಂಟೆಯ ಮೇಲೆ ಕುಡಿದ ಹಾಲಿನಿಂದ ಆ ಕೆಲಸ ಆಗುವುದಿಲ್ಲ. ಸೊಪ್ಪಿಗೆ ಮಜ್ಜಿಗೆ ಬೆರೆಸುವ ನಮ್ಮ ತಂಬುಳಿಯ ಕ್ರಮ ಈ ಲೆಕ್ಕದಲ್ಲಿ ಜಾಣತನದ್ದೇ. ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 1000 ಮಿಲಿಗ್ರಾಂ. 200 ಮಿಲಿಲೀಟರ್ ಹಾಲಿನಲ್ಲಿ ಅದರ ಕಾಲು ಭಾಗದ ಹತ್ತಿರ ಸಿಗುತ್ತದೆ. ಮೂರು ಹೊತ್ತೂ ಊಟದ ಜತೆ ಮೊಸರು, ಮಜ್ಜಿಗೆ ಅಥವಾ ಹಾಲು ಇರಲಿ. ಕ್ಯಾಲ್ಸಿಯಂ ಸಿಟ್ರೇಟ್ ಮಾತ್ರೆ ಬೇಕೆನಿಸಿದರೆ ಪ್ರಮಾಣ ವೈದ್ಯರು ಹೇಳಲಿ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಡುವೆ ನಾಲ್ಕು ಗಂಟೆ ಬಿಡಬೇಕು. ವಿಟಮಿನ್ ಸಿ ಮಾತ್ರೆ ನಿಲ್ಲಿಸಿ. ಹೆಚ್ಚಾದದ್ದು ದೇಹದಲ್ಲಿ ಆಕ್ಸಲೇಟಾಗಿ ಬದಲಾಗುತ್ತದೆ.

ಕ್ರಮ ಹೀಗೆ

ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ. ರಾತ್ರಿ ಮಲಗುವ ಮುಂಚೆ ಆ ದಿನದ ಉರಿಗೆ 0ಯಿಂದ 10ರ ಒಳಗೆ ಒಂದು ಅಂಕಿ ಬರೆಯಿರಿ. ಜತೆಗೆ ಮುಟ್ಟಿನ ಎಷ್ಟನೇ ದಿನ, ಮಲಬದ್ಧತೆ ಇತ್ತೋ, ಎಷ್ಟು ಹೊತ್ತು ಕುಳಿತಿದ್ದಿರಿ ಎಂಬ ಮೂರು ಗುರುತು. ಕ್ಯಾಲೆಂಡರಿನ ಚೌಕದಲ್ಲೇ ಬರೆಯಬಹುದು, ಬೇರೆಯವರಿಗೆ ಅದು ಬರೀ ಅಂಕಿ. ಈ ಎರಡು ವಾರ ಬಿಟ್ಟರೆ ಮುಂದೆ ಹೋಲಿಸಲು ಏನೂ ಉಳಿಯುವುದಿಲ್ಲ. ಉರಿ ತಾನಾಗಿಯೇ ಏರಿಳಿಯುತ್ತದೆ; ತುಂಬ ಉರಿದ ವಾರದಲ್ಲಿ ಪಥ್ಯ ಹಿಡಿದರೆ ಮುಂದಿನ ವಾರ ಹೇಗೂ ಇಳಿಯುವ ಉರಿ ಪಥ್ಯದ ಖಾತೆಗೆ ಸೇರುತ್ತದೆ.

ಆಮೇಲೆ ಎಂಟು ವಾರ ಪಥ್ಯ. ಒಂದೇ ದಿನ ಎಲ್ಲ ಬಿಡದೆ, ವಾರ ಹತ್ತು ದಿನದಲ್ಲಿ ಒಂದೊಂದಾಗಿ ಇಳಿಸಿ. ಈ ಅವಧಿಯಲ್ಲಿ ಹೊಸ ಮುಲಾಮು, ಹೊಸ ಸೋಪು, ಹೊಸ ಮಾತ್ರೆ ಶುರುಮಾಡಬೇಡಿ, ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ವೈದ್ಯರು ಕೊಟ್ಟದ್ದನ್ನು ಮುಂದುವರಿಸಿ. ಮನೆಯಲ್ಲಿ ಅತ್ತೆಯವರೋ ಅಮ್ಮನೋ ಅಡುಗೆ ಮಾಡುವುದಾದರೆ "ಉರಿಮೂತ್ರಕ್ಕೆ ಪಥ್ಯ ಹೇಳಿದ್ದಾರೆ" ಎಂದರೆ ಸಾಕು, ಪಥ್ಯ ಎಂದ ಮೇಲೆ ಯಾರೂ ಹೆಚ್ಚು ಕೆದಕುವುದಿಲ್ಲ.

ಮೊದಲ ಎರಡು ವಾರದ ಸರಾಸರಿಯನ್ನು ಕೊನೆಯ ಎರಡು ವಾರದ ಸರಾಸರಿಯ ಜತೆ ಇಟ್ಟು ನೋಡಿ. ಎರಡು ಅಂಕಿಯಾದರೂ ಇಳಿದಿದ್ದರೆ ಬದಲಾವಣೆ ನಿಜವಿರಬಹುದು.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಸೊಪ್ಪು ಬಿಟ್ಟಾಗ ನಾರಿನಂಶ ಇಳಿದು ಮಲ ಗಟ್ಟಿಯಾಗುತ್ತದೆ, ತಿಣುಕಿದರೆ ಸೊಂಟದ ತಳದ ಸ್ನಾಯು ಬಿಗಿದು ಉರಿ ಮೊದಲಿಗಿಂತ ಹೆಚ್ಚುತ್ತದೆ. ಬಾಳೆಹಣ್ಣು, ಕುಚಲಕ್ಕಿ, ಎಲೆಕೋಸು ಹೆಚ್ಚಿಸಿ. ಸಾಲದಿದ್ದರೆ ರಾತ್ರಿ ಒಂದು ಚಮಚ ಇಸಬ್ಗೋಲ್, ದೊಡ್ಡ ಲೋಟ ನೀರಿನ ಜತೆ. ಎರಡನೆಯದು, ಉರಿಗೆ ಹೆದರಿ ನೀರು ಕಡಿಮೆ ಮಾಡುವುದು. ಮೂತ್ರ ಗಾಢವಾಗಿ ಇನ್ನೂ ಉರಿಯುತ್ತದೆ. ಮೂತ್ರದ ಬಣ್ಣ ತಿಳಿ ಹಳದಿ ಇರುವಷ್ಟು ಕುಡಿಯಿರಿ, ಮಾಡುವಾಗಲೇ ಚೊಂಬಿನಿಂದ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳಿ.

ಸಕ್ಕರೆ ಬಿಡಿ, ಗೋಧಿ ಬಿಡಿ, ಹುಳಿ ಹಿಡಿದದ್ದು ಬಿಡಿ ಎಂಬ ಸಲಹೆಗಳೂ ಓಡಾಡುತ್ತವೆ. ಮಧುಮೇಹ ಹಿಡಿತದಲ್ಲಿಲ್ಲದವರಿಗೆ ಕ್ಯಾಂಡಿಡಾ ಮರುಕಳಿಸುತ್ತದೆ, ಅವರಿಗೆ ಸಕ್ಕರೆಯ ಮಾತು ಸರಿ. ಉಳಿದವರು ಇಡ್ಲಿ, ದೋಸೆ ಬಿಡಲು ಕಾರಣವಿಲ್ಲ. ಮೂತ್ರಕೋಶ ತುಂಬಿದಾಗಲೂ ನೋವು, ಗಳಿಗೆಗೊಮ್ಮೆ ಹೋಗಬೇಕು ಎಂದಿದ್ದರೆ ಕಾಫಿ, ಖಾರ, ಅಪ್ಪೆಹುಳಿಯಂಥ ಹುಳಿ ಎರಡು ವಾರ ಬಿಟ್ಟು ನೋಡಬಹುದು.

ಊಟಕ್ಕಿಂತ ಹೆಚ್ಚು ಫಲ ಕೊಡುವವು

ಅಲ್ಲಿ ಸೋಪು, ವಾಶ್, ಡೆಟಾಲ್, ಪೌಡರ್ ಯಾವುದೂ ಬೇಡ. ಬರೀ ನೀರು ಸಾಕು, ಟವೆಲಿನಿಂದ ಒತ್ತಿ ಒರೆಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಒಳಬಟ್ಟೆ ಒಣಗುವುದೇ ಇಲ್ಲ. ಅರೆ ಒದ್ದೆಯದನ್ನು ಹಾಕುವ ಬದಲು ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿ ಹಾಕಿ, ರಾತ್ರಿ ಹಾಕದೆ ಮಲಗಿ. ತೊಳೆಯುವಾಗ ಡಿಟರ್ಜೆಂಟ್ ಪೂರ್ತಿ ಹೋಗಲು ಮೂರು ಸಲ ಜಾಲಾಡಿಸಿ. ಪರಿಮಳದ ಪ್ಯಾಡಿನ ಬದಲು ಹತ್ತಿಯದು. ಮೀನು ಮಾರುವಾಗ ಒದ್ದೆ ಸೀರೆಯಲ್ಲಿ, ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಮೇಲೆ ಗಂಟೆಗಟ್ಟಲೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.

ಈ ನೋವಿರುವ ಬಹಳ ಮಂದಿಯಲ್ಲಿ ಸೊಂಟದ ತಳದ ಸ್ನಾಯು ಸದಾ ಬಿಗಿದಿರುತ್ತದೆ. ಯಾರೋ ಹೇಳಿದರೆಂದು ಕೆಗೆಲ್ ವ್ಯಾಯಾಮ (ಆ ಸ್ನಾಯುವನ್ನು ಮತ್ತೆ ಮತ್ತೆ ಬಿಗಿಹಿಡಿದು ಬಿಡುವುದು) ಮಾಡಿದರೆ ಅದು ಇನ್ನಷ್ಟು ಬಿಗಿಯುತ್ತದೆ. ಬೇಕಾದದ್ದು ಸಡಿಲಿಸುವ ಅಭ್ಯಾಸ: ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಹೊಟ್ಟೆ ಉಬ್ಬುವಂತೆ ನಿಧಾನ ಉಸಿರೆಳೆಯಿರಿ, ಆಗ ಕೆಳಭಾಗ ತಾನಾಗಿ ಇಳಿಯುವುದನ್ನು ಗಮನಿಸಿ, ಉಸಿರು ಬಿಡುವಾಗ ಬಿಗಿಯಬೇಡಿ. ಐದು ನಿಮಿಷ, ದಿನಕ್ಕೆ ಎರಡು ಹೊತ್ತು. ಇದನ್ನು ಕಲಿತ ಫಿಸಿಯೋಥೆರಪಿಸ್ಟ್ ಸಿಕ್ಕರೆ ಊರು ದೂರವಾದರೂ ಹೋಗಿ ಬನ್ನಿ.

ವೈದ್ಯರು 5 ಶೇಕಡ ಲಿಡೊಕೇನ್ ಮುಲಾಮು ಬರೆದರೆ ಬಟಾಣಿ ಕಾಳಿನಷ್ಟು ಸಾಕು. ಮೊದಲ ಕೆಲವು ನಿಮಿಷ ಅದೇ ಉರಿಯುತ್ತದೆ, ಆಮೇಲೆ ಮರಗಟ್ಟುತ್ತದೆ. ಅಮಿಟ್ರಿಪ್ಟಿಲಿನ್ ಕೊಟ್ಟರೆ ಖಿನ್ನತೆಯ ಮಾತ್ರೆ ಎಂದು ಹೆದರಬೇಡಿ, ಇಲ್ಲಿ ಕಡಿಮೆ ಪ್ರಮಾಣದಲ್ಲಿ ನರದ ನೋವಿಗೆ ಕೊಡುವುದು, ಎಲ್ಲರಿಗೂ ಹಿಡಿಸುವುದಿಲ್ಲ. ಸಂಭೋಗದಲ್ಲಿ ನೋವು ತಡೆದುಕೊಂಡು ಮುಂದುವರಿದರೆ ಸ್ನಾಯು ಮುಂದಿನ ಸಲ ಮೊದಲೇ ಬಿಗಿಯುತ್ತದೆ, ಗಂಡನಿಗೆ ಇದನ್ನು ನೇರವಾಗಿ ಹೇಳಿ. ತೆಂಗಿನೆಣ್ಣೆ ಜಾರಿಕೆಗೆ ಒಳ್ಳೆಯದೇ, ಆದರೆ ಲ್ಯಾಟೆಕ್ಸ್ ಕಾಂಡೋಮ್ ಅದರಿಂದ ಹರಿಯುತ್ತದೆ.

ಎಂಟು ವಾರ ಮುಗಿದ ಮೇಲೆ

ಅಂಕಿ ಇಳಿಯದಿದ್ದರೆ ಪಥ್ಯ ಅಲ್ಲಿಗೇ ನಿಲ್ಲಿಸಿ, ಬಿಟ್ಟದ್ದನ್ನೆಲ್ಲ ತಿನ್ನಿ. ಇನ್ನಷ್ಟು ಕಟ್ಟುನಿಟ್ಟು ಮಾಡಿದರೆ ಫಲ ಸಿಗಬಹುದೆಂದು ಮುಂದುವರಿಸಿದವರಿಗೆ ಸಿಗುವುದು ರಕ್ತಹೀನತೆ ಮತ್ತು ಊಟದ ಭಯ. ಇಳಿದಿದ್ದರೆ ನಾಲ್ಕು ನಾಲ್ಕು ದಿನಕ್ಕೊಂದರಂತೆ ಹಿಂದಕ್ಕೆ ತನ್ನಿ: ಮೊದಲು ಬೆಂಡೆ, ರಾಗಿ, ಆಮೇಲೆ ಗೇರುಬೀಜ, ಶೇಂಗಾ, ಆಮೇಲೆ ಕುದಿಸಿ ನೀರು ಚೆಲ್ಲಿದ ಹರಿವೆ, ಕೊನೆಗೆ ಬಸಳೆ, ಕೆಸು. ಯಾವುದಾದರೂ ಒಂದಕ್ಕೆ ಉರಿ ಏರಿದರೆ ಅದನ್ನು ಬಿಟ್ಟು, ಎರಡು ವಾರದ ಮೇಲೆ ಮತ್ತೆ ತಿಂದು ನೋಡಿ. ಎರಡು ಸಲವೂ ಏರಿದರೆ ಮಾತ್ರ ಅದನ್ನು ಪಟ್ಟಿಯಿಂದ ತೆಗೆಯಿರಿ. ಚರ್ಮ ಬೆಳ್ಳಗಾಗುವುದು, ಗಂಟು, ವಾಸಿಯಾಗದ ಹುಣ್ಣು, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಎಂಟು ವಾರ ಕಾಯದೆ ತೋರಿಸಿ. ತೊಡೆಸಂದಿ ಮರಗಟ್ಟಿ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.