ಲಕ್ಕಿ ಡ್ರಾದ ವಾಕರ್ ಮತ್ತು ನಾನು ಅಳಿಸಿದ ಫೋಟೋ

ನಮ್ಮದು ಮಂಗಳೂರಿನ ಒಂದು ತಾಯಂದಿರ ಗುಂಪು. ಕೂಟ ನಡೆಸಲು ಅಂಗಡಿಯವರಿಂದ ಹಣ ತೆಗೆದುಕೊಂಡಿದ್ದೇವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. "ನಮ್ಮದು ಬರೀ ಸೇವೆ, ದುಡ್ಡಿನ ಮಾತೇ ಇಲ್ಲ" ಅಂತ ಬರೆಯಲು ನನಗೆ ಕೈ ಬರುವುದಿಲ್ಲ.

2018ರ ಅಕ್ಟೋಬರಿನಲ್ಲಿ ನನ್ನ ಎರಡನೆಯವಳಿಗೆ ಆರು ತಿಂಗಳು. ಆಗ ಕದ್ರಿ ಪಾರ್ಕಿನಲ್ಲಿ ಏಳು ಮಂದಿ ತಾಯಂದಿರು ತಿಂಗಳಿಗೊಂದು ಭಾನುವಾರ ಸೇರಲು ಶುರು ಮಾಡಿದೆವು. ಮರದಡಿ ಚಾಪೆ ಹಾಸಿ ಮಕ್ಕಳನ್ನು ಬಿಡುವುದು, ಯಾರ ಕೂಸು ರಾತ್ರಿ ಎಷ್ಟು ಸಲ ಏಳುತ್ತದೆ, ಅತ್ತೆ ಜೇನು ನೆಕ್ಕಿಸು ಅಂದರೆ ಜಗಳ ಆಗದ ಹಾಗೆ ಬೇಡ ಅನ್ನುವುದು ಹೇಗೆ (ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ), ಇಂಥದ್ದೇ ಮಾತು. ಖರ್ಚು ಅಂದರೆ ಫ್ಲಾಸ್ಕಿನ ಚಾ. ಮರುವರ್ಷ ಜೂನ್ ಬಂತು. ಮಂಗಳೂರಿನ ಮಳೆಗೆ ಪಾರ್ಕಿನಲ್ಲಿ ಕೂಸು ಮಲಗಿಸಲು ಆಗುತ್ತದಾ? ಬಿಜೈ ಹತ್ತಿರ ಒಂದು ಸಣ್ಣ ಹಾಲ್ ಸಿಕ್ಕಿತು, ಅರ್ಧ ದಿನಕ್ಕೆ 1,500 ರೂಪಾಯಿ. ಅಷ್ಟರಲ್ಲಿ ಸುರತ್ಕಲ್, ಉಳ್ಳಾಲ, ಮೂಲ್ಕಿ ಅಂತ ವಾಟ್ಸಾಪ್‌ನಲ್ಲಿ ಇನ್ನೂರು ಮಂದಿ ದಾಟಿದ್ದೆವು. ಮೂರು ತಿಂಗಳು ಬಾಡಿಗೆ ನಾನೇ ಕೊಟ್ಟೆ. ನಾಲ್ಕನೇ ತಿಂಗಳು ಗಂಡ "ಈ ಸಲ ಹಾಲಿಗೆ ಎಷ್ಟಾಯಿತು?" ಅಂತ ಕೇಳಿದರು. ಕುಡಿಯುವ ಹಾಲಿನ ಲೆಕ್ಕ ಕೇಳಿದ್ದಲ್ಲ ಅಂತ ನನಗೆ ಅರ್ಥ ಆಯಿತು.

ಆಗಲೇ ಫೋನ್ ಬಂದದ್ದು. ಮಕ್ಕಳ ಡಬ್ಬಿ ಆಹಾರ ಮಾಡುವ ಕಂಪನಿ ಕಡೆಯವರು. "ಹಾಲ್ ನಮ್ಮದು ಮೇಡಂ, ಊಟ ನಮ್ಮದು, ಪ್ರತಿ ತಾಯಿಗೂ ಒಂದು ಕಿಟ್. ನೀವು ಒಂದು ಬ್ಯಾನರ್ ಹಾಕಿದರೆ ಸಾಕು." ನಾನು ಒಪ್ಪಿಯೇ ಬಿಟ್ಟಿದ್ದೆ. ಬ್ಯಾನರ್ ಕಟ್ಟಲು ಕಿಟಕಿಯ ಸರಳು ಗಟ್ಟಿ ಉಂಟಾ ಅಂತ ಕೂಡ ನೋಡಿ ಬಂದಿದ್ದೆ. ನಮ್ಮ ಗುಂಪಿನಲ್ಲಿ ಒಬ್ಬಳು ನರ್ಸ್ ಇದ್ದಾಳೆ. ನೈಟ್ ಡ್ಯೂಟಿ ಮುಗಿಸಿ ಬಸ್ಸಿನಿಂದಲೇ ಫೋನ್ ಮಾಡಿದಳು. "ಅಕ್ಕ, ಅದು ಆಗ್ಲಿಕ್ಕಿಲ್ಲ. ಅದಕ್ಕೆ ಕಾನೂನು ಉಂಟು."

ಉಂಟು ಹೌದು. 1992ರದ್ದು, ಎದೆಹಾಲಿನ ಬದಲಿಗೆ ಕೊಡುವ ಡಬ್ಬಿ ಹಾಲು, ಬಾಟಲಿ, ಶಿಶು ಆಹಾರದ ಕಾಯ್ದೆ, ಆಸ್ಪತ್ರೆಯವರ ಬಾಯಲ್ಲಿ ಐಎಂಎಸ್ ಆಕ್ಟ್. 2003ರಲ್ಲಿ ತಿದ್ದಿ ಇನ್ನೂ ಬಿಗಿ ಮಾಡಿದ್ದಾರೆ. ಎರಡು ವರ್ಷದವರೆಗಿನ ಮಕ್ಕಳ ಹಾಲಿನ ಪುಡಿ, ಫೀಡಿಂಗ್ ಬಾಟಲಿ, ಶಿಶು ಆಹಾರ, ಯಾವುದಕ್ಕೂ ಜಾಹೀರಾತು ಮಾಡುವ ಹಾಗಿಲ್ಲ. ಕಂಪನಿ ಮಾತ್ರ ಅಲ್ಲ, ಆ ಪ್ರಚಾರದಲ್ಲಿ ಬೇರೆ ಯಾರೂ ಕೈ ಜೋಡಿಸುವ ಹಾಗಿಲ್ಲ. ಪ್ರಚಾರಕ್ಕೆ ಅಂತ ಸ್ಯಾಂಪಲ್ ಹಂಚಬಾರದು, ಉಡುಗೊರೆ ಕೊಡಬಾರದು, ಗರ್ಭಿಣಿಯನ್ನೋ ಕೂಸಿನ ತಾಯಿಯನ್ನೋ ಸಂಪರ್ಕಿಸಲೂಬಾರದು. ತಪ್ಪಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ಓದಿ ನಗು ಬಂತು, ನಮ್ಮ ಮೂರು ತಿಂಗಳ ಬಾಡಿಗೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಜೈಲು ಓದಿದಾಗ ನಗು ನಿಂತಿತು.

ಡಬ್ಬಿ ಹಾಲು ಕೊಡುವ ತಾಯಂದಿರನ್ನು ನಮ್ಮಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ನನ್ನ ಮೊದಲನೆಯವನಿಗೆ ನಾನೇ ಕೊಟ್ಟಿದ್ದೇನೆ, ಎದೆಹಾಲು ಸಾಲುತ್ತಿರಲಿಲ್ಲ, ಡಾಕ್ಟರು ಹೇಳಿದರು, ಕೊಟ್ಟೆ. ಆದರೆ ಡಾಕ್ಟರು ಹೇಳಿ ಕೊಡುವುದು ಬೇರೆ. ನಾಲ್ಕು ರಾತ್ರಿ ನಿದ್ದೆ ಇಲ್ಲದ ಬಾಣಂತಿಯ ಕೈಗೆ ಚಂದದ ಕಿಟ್ ಇಡುವುದು ಬೇರೆ. ಕಂಪನಿಗೆ ಬೇಡ ಅಂದೆ.

ಬೇಡ ಅಂದೆವಲ್ಲ ಅಂತ ನಮಗೆ ಸ್ವಲ್ಪ ತಲೆ ತಿರುಗಿತ್ತೋ ಏನೋ. ಕೊರೊನಾ ಮುಗಿದು 2022ರಲ್ಲಿ ಮತ್ತೆ ಸೇರಿದಾಗ ಬಾಡಿಗೆ 2,200 ಆಗಿತ್ತು. ದೊಡ್ಡ ಕಂಪನಿ ಬೇಡ, ಊರಿನ ಅಂಗಡಿ ಆದರೆ ಪರವಾಗಿಲ್ಲ ಅಂತ ನಾವೇ ತೀರ್ಮಾನ ಮಾಡಿಕೊಂಡೆವು. ಒಂದು ಸ್ಟುಡಿಯೋದವರು ಮಕ್ಕಳ ಫೋಟೋ ಫ್ರೀ ತೆಗೆದುಕೊಟ್ಟು ಒಂದು ತಿಂಗಳ ಬಾಡಿಗೆಯನ್ನೂ ಕೊಟ್ಟರು. ಆಮೇಲೆ ನೋಡಿದರೆ ನಮ್ಮಲ್ಲಿಯ ಒಂದು ಮಗು ಅವರ ಅಂಗಡಿ ಮುಂದಿನ ಫ್ಲೆಕ್ಸಿನಲ್ಲಿ ನಗುತ್ತಾ ಉಂಟು. ತಾಯಿಯನ್ನು ಯಾರೂ ಕೇಳಿರಲಿಲ್ಲ. ಫ್ಲೆಕ್ಸ್ ತೆಗೆಸಿದೆವು, ಮುಗಿಯಿತು. ಅಲ್ಲಿಗೇ ಬುದ್ಧಿ ಬರಬೇಕಿತ್ತು.

2023ರಲ್ಲಿ ಮಕ್ಕಳ ಸಾಮಾನಿನ ಒಂದು ಅಂಗಡಿಯವರು ಆರು ತಿಂಗಳ ಬಾಡಿಗೆ, 13,200 ರೂಪಾಯಿ, ಒಟ್ಟಿಗೇ ಕೊಟ್ಟರು. ಒಳ್ಳೆಯ ಮನುಷ್ಯ. ಬದಲಿಗೆ ಪ್ರತಿ ಸಲ ಒಂದು ಲಕ್ಕಿ ಡ್ರಾ, ಗೆದ್ದವರ ಫೋಟೋ ಗುಂಪಿನಲ್ಲಿ. ಕಾನೂನಿನ ಅಡ್ಡಿ ಇಲ್ಲ ಅಂದುಕೊಂಡೆವು. ಮೊದಲ ಸಲ ಬಿಬ್, ಎರಡನೇ ಸಲ ಸೊಳ್ಳೆಪರದೆ. ಮೂರನೇ ಸಲ ವಾಕರ್, ಚಕ್ರ ತಿರುಗಿದರೆ ಹಾಡು ಬರುವಂಥದ್ದು. ಉಳ್ಳಾಲ ಕಡೆಯ ಒಬ್ಬಳಿಗೆ ಬಂತು, ಅವಳ ಮಗನಿಗೆ ಎಂಟು ತಿಂಗಳು. ನಾನು ಫೋಟೋ ಹಾಕಿ "ನಮ್ಮೆಲ್ಲರ ಮೆಚ್ಚಿನ ಅಂಗಡಿಯಿಂದ, ಎಷ್ಟು ಚಂದ ಅಲ್ವಾ!" ಅಂತ ಬರೆದೆ. ಮೆಚ್ಚಿನ ಅಂತ ಯಾರೂ ಓಟು ಹಾಕಿರಲಿಲ್ಲ. ಅಂಗಡಿಯವರೇ ನಮ್ಮ ಬಾಡಿಗೆ ಕೊಡುತ್ತಾರೆ ಅಂತಲೂ ನಾನು ಬರೆದಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಆದರೆ ಯಾರು ಕೇಳುತ್ತಾರೆ?

ಮೂರು ವಾರ ಕಳೆದಿರಬಹುದು, ರಾತ್ರಿ ಒಂಬತ್ತು ಗಂಟೆಗೆ ಅವಳೊಂದು ಫೋಟೋ ಹಾಕಿದಳು. ಅವರದ್ದು ಹಳೇ ಮನೆ. ಜಗಲಿಗೆ ಕೆಂಪು ಕಾವಿಯ ನೆಲ, ಉಜ್ಜಿ ಉಜ್ಜಿ ಕನ್ನಡಿ ಹಾಗೆ ಆಗಿರುತ್ತದಲ್ಲ, ಅಂಥದ್ದು. ಅಲ್ಲಿಂದ ಅಂಗಳಕ್ಕೆ ಎರಡೇ ಮೆಟ್ಟಿಲು. ಕುಕ್ಕರ್ ಆರಿಸಲು ಒಳಗೆ ಹೋಗಿದ್ದಾಳೆ, ಹಾಡು ಕೇಳುತ್ತಾ ಇತ್ತಂತೆ, ಥಟ್ಟನೆ ನಿಂತಿತಂತೆ. ಮಗುವಿನ ಹಣೆಯಲ್ಲಿ ನಿಂಬೆಹಣ್ಣಿನಷ್ಟು ಊತ. ಡಾಕ್ಟರಿಗೆ ತೋರಿಸಿದರು, ದೇವರ ದಯೆ, ಹೆಚ್ಚೇನೂ ಆಗಿರಲಿಲ್ಲ. ಅವಳು ಯಾರನ್ನೂ ಬೈದಿರಲಿಲ್ಲ. "ವಾಕರ್ ಇರುವವರು ಮೆಟ್ಟಿಲ ಹತ್ತಿರ ಜಾಗ್ರತೆ" ಅಂತ ಒಂದೇ ಸಾಲು.

ಹತ್ತು ನಿಮಿಷದಲ್ಲಿ ನಮ್ಮದೂ ಬಿದ್ದಿದೆ, ನಮ್ಮದೂ ಬಿದ್ದಿದೆ ಅಂತ ಶುರುವಾಯಿತು. ಇದು ಆ ಲಕ್ಕಿ ಡ್ರಾದ್ದಾ ಅಂತ ಯಾರೋ ಕೇಳಿದರು. ಸ್ವಲ್ಪ ಹೊತ್ತಿಗೆ ಅಂಗಡಿಯವರ ಫೋನ್.

"ಮೇಡಂ, ಮಗು ಹುಷಾರುಂಟಲ್ಲ?"

ಹುಷಾರುಂಟು ಅಂದೆ.

"ಸದ್ಯ. ಅಲ್ಲ, ಅಂಗಡಿ ಹೆಸರು ಬರ್ತಾ ಉಂಟಂತೆ. ಅದೊಂದು ತೆಗೀಲಿಕ್ಕೆ ಆಗ್ತದಾ?"

ಜೋರು ಮಾಡಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಅವರು ಮೊದಲು ಮಗುವನ್ನು ಕೇಳಿದರು, ಅಲ್ಲೇ ನಾನು ಸೋತದ್ದು. ಫೋಟೋ ಒತ್ತಿ ಹಿಡಿದೆ, ಅಳಿಸಿದೆ. ವಾಟ್ಸಾಪ್ ಅದನ್ನು ಮುಚ್ಚಿಡುವುದಿಲ್ಲ ಮಾರಾಯ್ರೆ, ಅಡ್ಮಿನ್ ಅಳಿಸಿದ್ದಾರೆ ಅಂತ ಅಲ್ಲೇ ಬರೆದು ತೋರಿಸುತ್ತದೆ. ಮಗುವಿನ ಮುಖ ಕಾಣುತ್ತಿತ್ತು, ಅದಕ್ಕೇ ಅಳಿಸಿದ್ದು ಅಂತ ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಅದೇ ಮಗು ವಾಕರಿನಲ್ಲಿ ಕೂತು ನಗುವ ಫೋಟೋ ಮೂರು ವಾರದಿಂದ ಅಲ್ಲೇ ಇತ್ತಲ್ಲ, ಅದನ್ನು ಯಾಕೆ ಅಳಿಸಲಿಲ್ಲ?

ಹನ್ನೊಂದು ಗಂಟೆಗೆ ಅವಳ ಮೆಸೇಜ್ ಬಂತು. "ಅಕ್ಕ, ನಾನು ಏನಾದ್ರೂ ತಪ್ಪು ಬರೆದೆನಾ?"

ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ. ಆಮೇಲೆ ಗುಂಪಿನಲ್ಲಿ ಬರೆದೆ: ಅಳಿಸಿದ್ದು ನಾನು, ಅಂಗಡಿಯವರು ನಮ್ಮ ಬಾಡಿಗೆ ಕೊಡುತ್ತಾರೆ, ಅವರು ಕೇಳಿದರು, ನಾನು ಅಳಿಸಿದೆ. ವಾಕರ್ ಬಗ್ಗೆಯೂ ರಾತ್ರಿಯಿಡೀ ಓದಿದ್ದನ್ನು ಹಾಕಿದೆ. ಕೆನಡಾದಲ್ಲಿ 2004ರಿಂದ ವಾಕರ್ ಮಾರುವುದೇ ನಿಷೇಧ. ಅದರಲ್ಲಿ ಕೂತ ಕೂಸು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಮೀಟರ್ ದಾಟುತ್ತದೆ, ಹತ್ತಿರ ಇದ್ದರೂ ಹಿಡಿಯಲು ಆಗುವುದಿಲ್ಲ. ಬೇಗ ನಡೆಯಲು ಕಲಿಸುತ್ತದೆ ಅನ್ನುವುದೂ ಸುಳ್ಳು. ಇದನ್ನೆಲ್ಲ ಲಕ್ಕಿ ಡ್ರಾಕ್ಕೆ ಮೊದಲು ಓದಬಹುದಿತ್ತು. ಫೋನ್ ಆಗಲೂ ಕೈಯಲ್ಲೇ ಇತ್ತು.

ಮೂವರು ಗುಂಪು ಬಿಟ್ಟರು. ಉಳಿದಿದ್ದ ಮೂರು ತಿಂಗಳ 6,600 ರೂಪಾಯಿ ವಾಪಸ್ ಕೊಡಬೇಕು ಅಂತಾಯಿತು. ಹಾಲ್ ಬಾಡಿಗೆಯವರಿಗೆ ಮುಂಗಡ ಕೊಟ್ಟಾಗಿತ್ತು, ನನ್ನ ಚೀಟಿ ದುಡ್ಡಿನಿಂದ ತೆಗೆದೆ. ಅಂಗಡಿಯವರು ಬೇಡ ಬೇಡ ಅಂದರು, ಕೊನೆಗೆ ಎಣಿಸದೆ ಡ್ರಾಯರಿಗೆ ಹಾಕಿದರು. ಈಗಲೂ ಸಿಕ್ಕಿದರೆ ಮಾತಾಡುತ್ತೇವೆ, ಮೊದಲಿನ ಹಾಗೆ ಅಲ್ಲ.

ಆಮೇಲೆ ಗೊತ್ತಾಯಿತು, ಇದಕ್ಕೂ ನಿಯಮ ಉಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ತಂದಿದೆ, 2023ರ ಜನವರಿಯಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಜನರ ನಂಬಿಕೆ ಇರುವವರು ಒಂದು ವಸ್ತುವನ್ನು ಹೊಗಳುವಾಗ ಹಣವೋ ಉಚಿತ ಸಾಮಾನೋ ಬಂದಿದ್ದರೆ ಅದನ್ನು ಎದ್ದು ಕಾಣುವ ಹಾಗೆ, ಹೊಗಳಿದ ಭಾಷೆಯಲ್ಲೇ ಹೇಳಬೇಕು. ಇದು ದೊಡ್ಡ ದೊಡ್ಡ ಇನ್‌ಫ್ಲುಯೆನ್ಸರ್‌ಗಳಿಗೆ, ನಮಗಲ್ಲ ಅಂತ ಮೊದಲು ಅನಿಸಿತು. ಆದರೆ ಇನ್ನೂರು ತಾಯಂದಿರು ನನ್ನ "ಎಷ್ಟು ಚಂದ ಅಲ್ವಾ" ನಂಬುತ್ತಾರೆ ಅಂತಲೇ ಅಲ್ವಾ ಅಂಗಡಿಯವರು ದುಡ್ಡು ಕೊಟ್ಟದ್ದು?

ಈಗ ಬಂದವರೆಲ್ಲ 40 ರೂಪಾಯಿ ಕೊಡುತ್ತಾರೆ, ಇಲ್ಲದವರು ಕೊಡುವುದಿಲ್ಲ. ಒಂದು ಬಿಸ್ಕತ್ ಡಬ್ಬಿ, ಒಂದು ನೋಟ್ ಪುಸ್ತಕ. ಕೂಟ ಶುರುವಾಗುವ ಮೊದಲು ಲೆಕ್ಕ ಓದುತ್ತೇವೆ. ಗುಂಪಿನಲ್ಲಿ ನಾನೊಬ್ಬಳೇ ಯಾವುದನ್ನೂ ಅಳಿಸುವ ಹಾಗಿಲ್ಲ, ಉಳ್ಳಾಲದವಳೂ ಈಗ ಅಡ್ಮಿನ್, ಇಬ್ಬರೂ ಒಪ್ಪಬೇಕು. "ಇಷ್ಟು ಮಡಿ ಮಾಡಿದರೆ ಗುಂಪು ನಡೆಯುತ್ತದಾ?" ಅಂತ ಗೆಳತಿಯೊಬ್ಬಳು ಕೇಳಿದಳು. ಕೆಲವು ತಿಂಗಳು ನಡೆಯುವುದಿಲ್ಲ, ನಿಜ. ಆಗ ಯಾರದ್ದಾದರೂ ಮನೆ ಜಗಲಿ.

ಹೊಕ್ಕುಳಬಳ್ಳಿಯ ರಕ್ತ ಕೂಡಿಡುವ ಕಂಪನಿಯ ಏಜೆಂಟ್ ಬಂದಾಗ ತಲೆಬಿಸಿ ಆಗಲಿಲ್ಲ. ಗುಂಪಿನ ಗರ್ಭಿಣಿಯರ ಹೆಸರು, ನಂಬರ್, ಡೇಟು ಕೊಟ್ಟರೆ ಹೆಸರಿಗೆ ಇಷ್ಟು ಅಂತ ಹಣ ಕೊಡುತ್ತಾರಂತೆ. ಆ ಖಾಸಗಿ ಬ್ಯಾಂಕಿಂಗನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಶಿಫಾರಸು ಮಾಡುವುದಿಲ್ಲ. ಮಾಡಿದ್ದರೂ ಬೇರೆಯವರ ಹೆರಿಗೆ ದಿನ ಮಾರಲು ನಾನು ಯಾರು?

ತಲೆಬಿಸಿ ಆದದ್ದು ನಮ್ಮ ಮಣ್ಣಿ ಅಕ್ಕನ ವಿಷಯದಲ್ಲಿ. ಆ ಏಳು ಮಂದಿಯಲ್ಲಿ ಒಬ್ಬರು. ಗಂಡನ ಕೆಲಸ ಹೋದ ಮೇಲೆ ರಾಗಿ ಮಣ್ಣಿಯ (ಕೂಸುಗಳಿಗೆ ಕಾಯಿಸಿ ಕೊಡುವ ಮೆತ್ತನೆಯ ತಿನಿಸು) ಪುಡಿ, ನೇಂದ್ರ ಬಾಳೆಕಾಯಿಯ ಪುಡಿ ಮಾಡಿ ಮಾರುತ್ತಾರೆ. ಬಾಳೆಕಾಯಿ ತೆಳ್ಳಗೆ ಹೆಚ್ಚಿ ಟೆರೇಸಿನಲ್ಲಿ ಹಳೇ ಸೀರೆ ಮೇಲೆ ಒಣಗಿಸಿ, ಮುರಿದರೆ ಟಕ್ ಅನ್ನುವವರೆಗೆ ಕಾದು ಪುಡಿ ಮಾಡುವುದು. ನನ್ನ ಇಬ್ಬರೂ ಅದನ್ನೇ ತಿಂದು ಬೆಳೆದದ್ದು. "ಆರು ತಿಂಗಳ ಮೇಲಿನ ಮಕ್ಕಳಿಗೆ" ಅಂತ ಲೇಬಲ್ ಅಂಟಿಸಿ ಗುಂಪಿನಲ್ಲಿ ಹಾಕುತ್ತಿದ್ದರು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ನರ್ಸ್ ಮತ್ತೆ ಬಾಯಿ ಬಿಟ್ಟಳು. ಆರು ತಿಂಗಳಿಂದ ಎರಡು ವರ್ಷದ ಕೂಸಿಗೆ ಅಂತ ಮಾರುವ ಪೂರಕ ಆಹಾರ ಯಾವ ಹೆಸರಿನಲ್ಲಿದ್ದರೂ ಆ ಕಾಯ್ದೆಗೆ ಶಿಶು ಆಹಾರವೇ. ಕಂಪನಿ ಡಬ್ಬಿ, ಟೆರೇಸಿನ ಸೀರೆ ಅಂತ ವ್ಯತ್ಯಾಸ ಇಲ್ಲ.

ಅಕ್ಕನಿಗೆ ಹೇಳಲು ಹೋದಾಗ ನನಗೆ ಗಂಟಲು ಒಣಗಿತ್ತು. ಅವರು ಹೆಚ್ಚು ಮಾತಾಡಲಿಲ್ಲ. "ಕಂಪನಿಯವರಿಗೆ ಹೇಳಿದ್ದನ್ನೇ ನನಗೂ ಹೇಳಿದಿರಿ ಅಲ್ವಾ" ಅಂದರು. ಬೈದದ್ದೋ ಒಪ್ಪಿದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಗುಂಪಿನಲ್ಲಿ ಈಗ ಹಾಕುವುದಿಲ್ಲ, ಗಿರಾಕಿ ಕಡಿಮೆ ಆಗಿದ್ದಾರೆ. ಕಳೆದ ಕೂಟದಲ್ಲಿ ಮಣ್ಣಿ ಮಾಡುವ ಕ್ರಮವನ್ನೇ ಎಲ್ಲರಿಗೂ ತೋರಿಸಿಕೊಟ್ಟರು, ರಾಗಿ ನೆನೆಸಿ ಅರೆದು ಬಟ್ಟೆಯಲ್ಲಿ ಹಿಂಡುವುದರಿಂದ ಹಿಡಿದು. ಅದರಿಂದ ಅವರ ಗಿರಾಕಿ ಇನ್ನೂ ಇಬ್ಬರು ಹೋಗಿರಬಹುದು.

ಮೊನ್ನೆ ಡೈಪರ್ ಕಂಪನಿಯೊಂದರ ಮೆಸೇಜ್ ಬಂದಿದೆ. ಡೈಪರ್ ಆ ಕಾಯ್ದೆಯಲ್ಲಿ ಇಲ್ಲ. ಮೊತ್ತ ದೊಡ್ಡದು, ಒಂದು ವರ್ಷದ ಬಾಡಿಗೆ ಕೊಟ್ಟು ಮಿಗುತ್ತದೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಭಾನುವಾರ ಲೆಕ್ಕ ಓದಿದ ಮೇಲೆ ಅದನ್ನೂ ಹಾಗೆಯೇ ಓದುತ್ತೇನೆ, ಮಣ್ಣಿ ಅಕ್ಕನೂ ಬರುತ್ತಾರಂತೆ.