ತೇವದ ಸೀಮೆಯಲ್ಲಿ ಹಳೆಯ ವಾಚು: ನಾನು ಬಿಚ್ಚಿ ಜೋಡಿಸುವ ಬಗೆ

ಗೋಡೆ ಗಡಿಯಾರ ಬೆಳಗಿನ ಚಳಿಗೆ ನಿಂತಿರುತ್ತದೆ. ಬಿಸಿಲೇರಿದ ಮೇಲೆ ಲೋಲಕ ಮುಟ್ಟಿದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಚಿಕ್ಕಮಗಳೂರಿನ ಕಡೆ ಡಿಸೆಂಬರಿನಲ್ಲಿ ಇಂಥ ದೂರು ಬಂದರೆ ನಾನು ಮೊದಲು ಕೇಳುವುದು, ಕೊಬ್ಬರಿ ಎಣ್ಣೆ ಬಿಟ್ಟಿದ್ದೀರಾ ಎಂದು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ವರ್ಷ ಕಳೆದಂತೆ ಒಲೆಯ ಹೊಗೆ, ಇಲ್ಲಣ ಎಲ್ಲವನ್ನೂ ಹಿಡಿದುಕೊಂಡು ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದವರದೂ ಇದೇ ಪಾಡು: ಎರಡು ದಿನ ಚೆನ್ನಾಗಿ ನಡೆದು, ಆಮೇಲೆ ಮೊದಲಿಗಿಂತ ಬಿಗಿ.

ಕೈಗಡಿಯಾರದ ಕಥೆಯೂ ಬಹುಪಾಲು ಹೀಗೇ. ‘ಕೆಟ್ಟಿದೆ’ ಎಂದು ಬೀರುವಿನಲ್ಲಿ ಇಟ್ಟದ್ದರಲ್ಲಿ ಮುರಿದ ಭಾಗ ಕಡಿಮೆ, ಒಣಗಿದ ಎಣ್ಣೆ ಹೆಚ್ಚು. ಅರಸೀಕೆರೆ, ಕಡೂರಿನ ಬಯಲಿಂದ ಬಂದ ವಾಚಿನೊಳಗೆ ಧೂಳು ಸೇರಿದ ಕಪ್ಪು ಅಂಟು ಸಿಗುತ್ತದೆ. ಅದು ತೊಳೆದರೆ ಹೋಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ್ದಾದರೆ ತುಕ್ಕು. ಕೀ ಕೊಡುವ ಗುಂಡಿಯಾದ ಕ್ರೌನಿನ ಸಂದಿಯಲ್ಲಿ ತೇವ ನುಗ್ಗುತ್ತದೆ, ಆದ್ದರಿಂದ ಮೊದಲು ತಿನ್ನುವುದು ಕೀ ಕೊಡುವ ಕಡ್ಡಿಯನ್ನು, ಆಮೇಲೆ ಡಯಲಿನ ಅಡಿಯ ಕೀ ಭಾಗಗಳನ್ನು. ಅಲ್ಲಿಗೇ ನಿಂತಿದ್ದರೆ ವಾಚು ಉಳಿಯಿತು ಎಂದೇ ಲೆಕ್ಕ. ಅತ್ತಿತ್ತ ತೂಗುವ ಚಕ್ರವಾದ ಬ್ಯಾಲೆನ್ಸಿನ ಆಕ್ಸಲ್ ತುದಿಗೆ ಹಿಡಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬ್ಯಾಲೆನ್ಸನ್ನೇ ಬದಲಿಸಬೇಕು.

ಕಲಿಯುವವರಿಗೆ ಎಚ್‌ಎಂಟಿ ಜನತಾ ಅಥವಾ ಪೈಲಟ್ ಸಾಕು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಪರಂಪರೆ ಇವುಗಳದ್ದು. ಸವೆತ ತಡೆಯುವ 17 ಕಲ್ಲು, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ 2016ರಲ್ಲಿ ಆದ ಮೇಲೆ ಬಿಡಿಭಾಗಕ್ಕೆ ಹಳೆಯ ದಾಸ್ತಾನು, ಇಲ್ಲವೇ ನಿಂತುಹೋದ ಇನ್ನೊಂದು ವಾಚೇ ಗತಿ. ನಾನು ದುರಸ್ತಿ ಮಾಡುವ ಒಂದಕ್ಕೆ ಭಾಗ ಕೊಡಲು ಎರಡು ಸತ್ತ ವಾಚು ಕೊಳ್ಳುತ್ತೇನೆ, ಯಂತ್ರದ ಮೇಲೆ ಕೊರೆದ ಸಂಖ್ಯೆ ತಾಳೆ ನೋಡಿ. ಹೊಳೆಯುವ ಹೊಸ ಬಣ್ಣದ ಪೈಲಟ್ ಡಯಲ್ ಕಂಡರೆ ಹುಷಾರು. ಪುನಃ ಬಣ್ಣ ಬಳಿದವೇ ಜಾಸ್ತಿ. ಅಕ್ಷರದ ಅಂಚು ದಪ್ಪಗಿದ್ದರೆ, ನಿಮಿಷದ ಗೆರೆಗಳು ಅಂಕಿಗೆ ಸರಿಯಾಗಿ ಎದುರಾಗದಿದ್ದರೆ ಬಿಟ್ಟುಬಿಡಿ. 1960ಕ್ಕಿಂತ ಹಿಂದಿನ ಸ್ವಿಸ್ ವಾಚಿನ ಕತ್ತಲಲ್ಲಿ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರಬಹುದು. ಅದನ್ನು ಕೆರೆಯಬಾರದು, ಅಡುಗೆಮನೆ ಮೇಜಿನ ಮೇಲೆ ಬಿಚ್ಚಲೂಬಾರದು.

ಸಲಕರಣೆ: 0.8, 1.0, 1.2, 1.6 ಮಿ.ಮೀ. ಸ್ಕ್ರೂಡ್ರೈವರ್, ಅಯಸ್ಕಾಂತ ಹಿಡಿಯದ ಚೂಪು ಚಿಮಟ, 4 ಪಟ್ಟು ಮತ್ತು 10 ಪಟ್ಟು ದೊಡ್ಡದು ಮಾಡುವ ಕಣ್ಣಿನ ಲೆನ್ಸು, ಗಾಳಿ ಊದುವ ರಬ್ಬರ್ ಬುಡ್ಡೆ. ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂ ಸೀಳಿನಷ್ಟೇ ಅಗಲವಿರಬೇಕು. ಚಿಕ್ಕದರಲ್ಲಿ ತಿರುಗಿಸಿದರೆ ಜಾರಿ, ಬ್ಯಾಲೆನ್ಸನ್ನು ತೂಗಿಸುವ ಕೂದಲೆಳೆಯಂಥ ಸುರುಳಿಯಾದ ಹೇರ್‌ಸ್ಪ್ರಿಂಗಿಗೇ ಹೋಗಿ ಚುಚ್ಚುತ್ತದೆ.

ಹಿಂಬದಿ ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಕೀ ಇಳಿಸುವುದು, ಅಂದರೆ ಸ್ಪ್ರಿಂಗಿನಲ್ಲಿ ಉಳಿದ ಬಿಗಿ ಬಿಡಿಸುವುದು. ಕ್ರೌನನ್ನು ಬೆರಳಲ್ಲಿ ಹಿಡಿದು ಒಂದು ಚೂರು ಕೀ ಕೊಟ್ಟು, ಹಲ್ಲು ತಡೆಯುವ ಕ್ಲಿಕ್ಕನ್ನು ಸೂಜಿಯಿಂದ ಹಿಂದಕ್ಕೆ ಒತ್ತಿ, ಕ್ರೌನ್ ಬೆರಳ ನಡುವೆ ನಿಧಾನ ಜಾರುತ್ತ ಹಿಂದಕ್ಕೆ ತಿರುಗಲು ಬಿಡಬೇಕು. ಇದನ್ನು ಮರೆತು, ಚಕ್ರಗಳನ್ನು ಒಂದೊಂದೇ ಹಲ್ಲು ತಡೆದು ಬಿಡುವ ಪ್ಯಾಲೆಟ್ ಸಡಿಲಿಸಿದರೆ ಚಕ್ರಗಳು ಒಮ್ಮೆಲೇ ಗಿರ್ರನೆ ತಿರುಗಿ ಹಲ್ಲು, ಆಕ್ಸಲಿನ ಮೊನೆ ಎರಡೂ ಹೋಗುತ್ತವೆ. ಕಡ್ಡಿ ಬಿಡಿಸುವ ಸ್ಕ್ರೂ ಇರುವ ಯಂತ್ರವಾದರೆ ಅದನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಿದರೆ ಆಚೆ ಬದಿಯ ಲಿವರ್ ಕಳಚಿ ಬೀಳುತ್ತದೆ, ಅದನ್ನು ಕೂರಿಸಲು ಡಯಲ್ ತೆಗೆಯದೆ ವಿಧಿಯಿಲ್ಲ. ಮುಳ್ಳುಗಳನ್ನು 12ಕ್ಕೆ ಒಟ್ಟುಗೂಡಿಸಿ, ಡಯಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಎರಡೂ ಬದಿಯಿಂದ ಸಮನಾಗಿ ಎತ್ತುತ್ತೇನೆ. ಆಮೇಲೆ ಬ್ಯಾಲೆನ್ಸ್, ಪ್ಯಾಲೆಟ್, ಚಕ್ರಗಳು, ಕೊನೆಗೆ ವಾಚನ್ನು ನಡೆಸುವ ಮೇನ್‌ಸ್ಪ್ರಿಂಗ್ ಇರುವ ಡಬ್ಬಿಯಾದ ಬ್ಯಾರಲ್. ಪ್ರತಿ ಹಂತಕ್ಕೂ ಫೋಟೊ. ಯಾವ ಸ್ಕ್ರೂ ಎಲ್ಲಿಯದು ಎಂದು ನೆನಪಿಡುತ್ತೇನೆ ಎನ್ನುವವರು ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ಹಾಕಿ ಕೆಳಗಿನ ಚಕ್ರಕ್ಕೆ ತಾಗಿಸುತ್ತಾರೆ.

ತೊಳೆಯಲು ಬಿಳಿ ಪೆಟ್ರೋಲ್ ಅಥವಾ ಲೈಟರ್ ಇಂಧನ, ಕಿಟಕಿ ತೆರೆದಿಟ್ಟು, ಬೆಂಕಿ ಹತ್ತಿರ ಇಲ್ಲದೆ. ಕೊನೆಯ ಜಾಲಾಟಕ್ಕೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ಆದರೆ ಪ್ಯಾಲೆಟ್ಟನ್ನೂ ಬ್ಯಾಲೆನ್ಸನ್ನೂ ಆಲ್ಕೊಹಾಲಿಗೆ ಹಾಕುವುದಿಲ್ಲ: ಅವುಗಳ ಕಲ್ಲುಗಳನ್ನು ಹಿಡಿದಿರುವುದು ಅರಗು, ಅದು ಆಲ್ಕೊಹಾಲಿನಲ್ಲಿ ಕರಗುತ್ತದೆ. ಕಲ್ಲಿನ ತೂತುಗಳಿಗೆ ಚೂಪು ಮಾಡಿದ ಹಲ್ಲುಕಡ್ಡಿ ತಿರುಗಿಸಿ, ತುದಿ ಕಪ್ಪಾಗದೆ ಹೊರಬರುವವರೆಗೂ ಕಡ್ಡಿ ಬದಲಿಸುತ್ತ ಹೋಗಬೇಕು. ಬೇಸರದ ಕೆಲಸ. ಆದರೆ ಅರ್ಧ ದುರಸ್ತಿ ಇಲ್ಲೇ ಮುಗಿಯುವುದು.

ತುಕ್ಕು ಹಿಡಿದ ಕಡ್ಡಿ ಕ್ರೌನಿನೊಳಗೇ ಮುರಿದಿದ್ದರೆ ಕ್ಷೌರದಂಗಡಿಯ ಪಟಿಕ ಸಾಕು. ಬಿಸಿ ನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಪಟಿಕ ಕರಗಿಸಿ, ಬೆಚ್ಚಗಿಟ್ಟು, ಕ್ರೌನನ್ನು ಅದರಲ್ಲಿ ಮುಳುಗಿಸಿ. ಸಣ್ಣ ಗುಳ್ಳೆ ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಕೆಲವು ಗಂಟೆಯಿಂದ ಒಂದು ದಿನದೊಳಗೆ ಉಕ್ಕು ಕಪ್ಪು ಪುಡಿಯಾಗಿ ಕರಗುತ್ತದೆ, ಹಿತ್ತಾಳೆಗೆ ಏನೂ ಆಗದು. ಯಂತ್ರದ ಹಿತ್ತಾಳೆ ಫಲಕದಲ್ಲಿ ಮುರಿದ ಸ್ಕ್ರೂಗೂ ಇದೇ ಉಪಾಯ, ಆದರೆ ಅದಕ್ಕೆ ಮೊದಲು ಉಕ್ಕಿನ ಇತರ ಎಲ್ಲ ಭಾಗ ತೆಗೆದಿರಬೇಕು.

ಮೇನ್‌ಸ್ಪ್ರಿಂಗ್ ಹೊರತೆಗೆದಾಗ ಎಸ್ ಆಕಾರಕ್ಕೆ ಬಿಚ್ಚಿಕೊಳ್ಳದೆ ಸುರುಳಿಯಾಗೇ ಕೂತಿದ್ದರೆ ಅದರ ಬಲ ಮುಗಿದಿದೆ. ಹೊಸದಕ್ಕೆ ಅಗಲ, ದಪ್ಪ, ಉದ್ದ ಮೂರನ್ನೂ ಅಳೆದು ಕೇಳಿ. ಕೈಯಲ್ಲೇ ತುಂಬಬಹುದಾದರೂ ಸ್ಪ್ರಿಂಗ್ ಗೋಪುರದಂತೆ ಓರೆಯಾಗಿ ಬ್ಯಾರಲಿನ ಮುಚ್ಚಳಕ್ಕೆ ಉಜ್ಜುತ್ತದೆ, ಶಕ್ತಿ ಅಲ್ಲೇ ಸೋರುತ್ತದೆ. ಸ್ಪ್ರಿಂಗ್ ಸುತ್ತುವ ಸಾಧನವಾದ ವೈಂಡರ್ ಇಲ್ಲದವರು ಉಂಗುರದಲ್ಲಿ ಸುತ್ತಿಟ್ಟೇ ಬರುವ ಹೊಸ ಸ್ಪ್ರಿಂಗ್ ತಂದು ಬ್ಯಾರಲಿಗೆ ಒತ್ತುವುದು ಲೇಸು.

ಎಣ್ಣೆಯ ವಿಷಯದಲ್ಲಿ ಕಂಜೂಸುತನವೇ ಜಾಣತನ. ಪ್ಯಾಲೆಟ್ಟಿಗೆ ತಾಗಿ ಬೇಗ ತಿರುಗುವ ಎಸ್ಕೇಪ್ ಚಕ್ರ, ಬ್ಯಾಲೆನ್ಸಿನ ಕಲ್ಲುಗಳಿಗೆ ಮೊಬಿಯಸ್ ಕಂಪನಿಯ 9010 ಎಣ್ಣೆ. ನಿಧಾನ ತಿರುಗಿ ಭಾರ ಹೊರುವ ನಡು ಚಕ್ರ, ಬ್ಯಾರಲಿಗೆ ಅದೇ ಕಂಪನಿಯ ಎಚ್‌ಪಿ 1300. ಪ್ಯಾಲೆಟ್ ಕಲ್ಲಿನ ಮುಖಕ್ಕೆ 9415. ಕೀ ಭಾಗಗಳಿಗೆ ಗ್ರೀಸು. ಕಲ್ಲಿನ ಬಟ್ಟಲಿನಲ್ಲಿ ಅರ್ಧದಿಂದ ಮೂರರಲ್ಲೆರಡು ಪಾಲು ತುಂಬಿದರೆ ಸಾಕು. ತುಳುಕಿದರೆ ಫಲಕದ ಮೇಲೆ ಹರಡಿ, ಇದ್ದದ್ದನ್ನೂ ಎಳೆದುಕೊಂಡು ಹೋಗಿ ಮೊನೆ ಒಣಗುತ್ತದೆ. ಚಕ್ರದ ಹಲ್ಲಿಗೆ, ಪ್ಯಾಲೆಟ್ಟಿನ ಮೊನೆಗೆ, ಹೇರ್‌ಸ್ಪ್ರಿಂಗಿಗೆ ಎಣ್ಣೆ ಇಲ್ಲವೇ ಇಲ್ಲ.

ಜೋಡಿಸುವಾಗ ಪ್ಯಾಲೆಟ್ ಹಾಕುವ ಮೊದಲು ಬ್ಯಾರಲನ್ನು ಒಂದೆರಡು ಹಲ್ಲು ತಿರುಗಿಸಿ ನೋಡುತ್ತೇನೆ. ಚಕ್ರಗಳು ಹಗುರಾಗಿ ಓಡಿ, ನಿಲ್ಲುವಾಗ ಎಸ್ಕೇಪ್ ಚಕ್ರ ಒಂದು ಚೂರು ಹಿಮ್ಮುಖ ತಿರುಗಿದರೆ ದಾರಿ ಸ್ವಚ್ಛ. ತಟ್ಟನೆ ನಿಂತರೆ ಎಲ್ಲೋ ಕಸ ಉಳಿದಿದೆ, ಮತ್ತೆ ಬಿಚ್ಚಬೇಕು. ಪೂರ್ತಿ ಕೀ ಕೊಟ್ಟು, ಬಡಿತ ಅಳೆಯುವ ಉಪಕರಣವಾದ ಟೈಮ್‌ಗ್ರಾಫರಿನ ಮೇಲೆ ಡಯಲ್ ಮೇಲ್ಮುಖವಾಗಿ ಇಟ್ಟಾಗ ಬ್ಯಾಲೆನ್ಸಿನ ತೂಗು 250 ಡಿಗ್ರಿ ದಾಟಿದರೆ ಹಳೆಯ ಜನತಾಕ್ಕೆ ಧಾರಾಳವಾಯಿತು. 200ಕ್ಕಿಂತ ಕಡಿಮೆಯಾದರೆ ಸ್ಪ್ರಿಂಗ್ ಅಥವಾ ಕಸ. ದಿನಕ್ಕೆ ಅರ್ಧ ನಿಮಿಷದೊಳಗಿನ ವ್ಯತ್ಯಾಸಕ್ಕೆ ನಾನು ಕೈ ಹಚ್ಚುವುದಿಲ್ಲ. ಒಮ್ಮೆಗೇ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ವೇಗ ಹೊಂದಿಸುವ ರೆಗ್ಯುಲೇಟರ್ ಮುಟ್ಟಬೇಡಿ, ದಿಕ್ಸೂಚಿ ತನ್ನಿ: ಅದರ ಮುಳ್ಳು ಅಲುಗಾಡಿದರೆ ಹೇರ್‌ಸ್ಪ್ರಿಂಗಿನ ಸುತ್ತುಗಳು ಅಯಸ್ಕಾಂತವಾಗಿ ಒಂದಕ್ಕೊಂದು ಅಂಟುತ್ತಿವೆ. ಮೊಬೈಲಿನ, ಸ್ಪೀಕರಿನ ಪಕ್ಕ ಇಟ್ಟವರ ವಾಚಿನಲ್ಲಿ ಇದು ಸಾಮಾನ್ಯ. ಅಯಸ್ಕಾಂತ ಗುಣ ಕಳೆಯುವ ಡಿಮ್ಯಾಗ್ನೆಟೈಸರಿನ ಗುಂಡಿ ಒತ್ತಿ ಹಿಡಿದು, ವಾಚನ್ನು ನಿಧಾನ ಒಂದಡಿ ದೂರ ಎತ್ತಿ, ಆಮೇಲಷ್ಟೇ ಗುಂಡಿ ಬಿಡಬೇಕು.

ಡಯಲಿಗೆ ಗಾಳಿ ಊದುವುದಲ್ಲದೆ ಬೇರೇನೂ ಮಾಡುವುದಿಲ್ಲ. ಒದ್ದೆ ಹತ್ತಿ ತಾಗಿಸಿದರೆ ಬೂಷ್ಟಿನ ಜೊತೆ ಅಕ್ಷರವೂ ಬರುತ್ತದೆ. ಕಲೆ ಇರಲಿ, ಅಜ್ಜ ಕಟ್ಟಿದ್ದು ಆ ಡಯಲನ್ನೇ. ಅಕ್ರಿಲಿಕ್ ಗ್ಲಾಸಿನ ಗೀರಿಗೆ 800, 1200, 2000 ನಂಬರಿನ ಉಪ್ಪುಕಾಗದ ನೀರು ಹಾಕಿ ಉಜ್ಜಿ, ಕೊನೆಗೆ ಪಾಲಿಶ್, ಅದೂ ಯಂತ್ರ ಹೊರಗಿಟ್ಟು. ಕೇಸಿನ ಕಿಲುಬಿಗೆ ಪಾತ್ರೆ ಬೆಳಗುವ ಹಾಗೆ ಹುಣಸೆಹುಳಿ ಹಚ್ಚುವವರಿದ್ದಾರೆ. ಕ್ರೋಮಿನ ಲೇಪ ಬಿರುಕು ಬಿಟ್ಟಲ್ಲೆಲ್ಲ ಹುಳಿ ಒಳಗಿಳಿದು ಲೇಪವನ್ನು ಎಬ್ಬಿಸುತ್ತದೆ. ಸಾಬೂನು ನೀರು, ಮೆತ್ತನೆ ಬ್ರಷ್ಷು ಸಾಕು.

ಪುನರ್ವಸು, ಪುಷ್ಯ ಮಳೆ ಹಿಡಿದಿರುವಾಗ ಮುಚ್ಚಳ ಹಾಕಿದರೆ ಆ ಗಾಳಿಯ ತೇವವನ್ನೇ ಒಳಗೆ ಬೀಗ ಹಾಕಿದಂತೆ. ಮರುದಿನ ಗ್ಲಾಸಿನ ಒಳಬದಿ ಮಂಜು. ಮಳೆಗಾಲದಲ್ಲಿ ಕೇಸು, ಮುಚ್ಚಳ, ಯಂತ್ರ ಮೂರನ್ನೂ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಟೇಬಲ್ ದೀಪದ ಬಿಸಿಯ ಕೆಳಗೇ ಮುಚ್ಚುತ್ತೇನೆ, ಹೊಸ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸು ಸವರಿ. ವಾಚನ್ನು ಡಬ್ಬಿಯಲ್ಲಿ ಎತ್ತಿಡುವಾಗ ಚರ್ಮದ ಬೆಲ್ಟು ಬಿಚ್ಚಿ ಬೇರೆ ಇಡಿ, ಮೊದಲು ಬೂಷ್ಟು ಹಿಡಿಯುವುದು ಅದಕ್ಕೇ. ಸಿಲಿಕಾ ಜೆಲ್ ಬಣ್ಣ ಬದಲಿಸಿದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ಆ ಬಣ್ಣ ನೋಡಿ, ಎಲ್ಲ ವಾಚಿಗೂ ಒಂದು ಸಲ ಕೀ ಕೊಟ್ಟು ಮುಚ್ಚುತ್ತೇನೆ.