ಬಿ.ಎಸ್ಸಿ. ಓದಿ ಬೆಲ್ಲ ಪರೀಕ್ಷೆ ಮಾಡುವ ಕೆಲಸಕ್ಕೆ: ನನ್ನ ಅನುಭವ

ನಾನು ಮೈಸೂರಿನ ಒಂದು ಖಾಸಗಿ ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಕೆಮಿಸ್ಟ್. ಬೆಲ್ಲ, ಹಾಲು, ಎಣ್ಣೆ, ಖಾರದಪುಡಿ ಹೀಗೆ ಬಂದ ಸ್ಯಾಂಪಲ್ ಪರೀಕ್ಷೆ ಮಾಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ನಮ್ಮೂರಲ್ಲಿ ಪಿಯುಸಿ ಮುಗಿಸಿದ ಹುಡುಗಿಯರು "ಅಕ್ಕಾ, ಬಿ.ಎಸ್ಸಿ. ಮಾಡಿದ್ರೆ ಕೆಲಸ ಸಿಗುತ್ತಾ?" ಅಂತ ಕೇಳುತ್ತಲೇ ಇರುತ್ತಾರೆ. ದಾರೀಲಿ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ನಾನು ಹೇಗೆ ಬಂದೆ ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ.

ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು, ತಮ್ಮ. ಅಜ್ಜಿಯ ಅತ್ತೆ ಕಾಲದಲ್ಲಿ ನಮ್ಮ ಹೊಲದಲ್ಲಿ ರಾಗಿ, ಹುರುಳಿ ಬಿಟ್ಟರೆ ಬೇರೆ ಇರಲಿಲ್ಲವಂತೆ. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ ನೀರು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು, ಆಮೇಲೆ ಈ ಕಡೆಯೆಲ್ಲ ಕಬ್ಬೋ ಕಬ್ಬು. ಅಪ್ಪ ಓದಿದ್ದು ಎಸ್ಸೆಸ್ಸೆಲ್ಸಿ, ಅವ್ವ ಏಳನೇ ಕ್ಲಾಸು. ಕಬ್ಬಿನ ದುಡ್ಡು ಕೈಗೆ ಬರುವುದು ಯಾವಾಗ ಅಂತ ಹೇಳೋಕಾಗಲ್ಲ, ಆದ್ದರಿಂದ ನನ್ನ ಸ್ಕೂಲು ಕಾಲೇಜಿನ ಫೀಸೆಲ್ಲ ನಡೆದದ್ದು ಅವ್ವ ಡೈರಿಗೆ ಹಾಕುತ್ತಿದ್ದ ಹಾಲಿನ ದುಡ್ಡಿನಲ್ಲಿ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಾನು ಮೊದಲು ನೋಡಿದ ವಿಜ್ಞಾನದ ಸಲಕರಣೆ ಕೂಡ ಆ ಡೈರಿಯ ಲ್ಯಾಕ್ಟೋಮೀಟರೇ. ನೀರು ಬೆರೆಸಿದ ಹಾಲಿನಲ್ಲಿ ಅದು ಜಾಸ್ತಿ ಮುಳುಗುತ್ತೆ. ಯಾಕೆ ಅಂತ ಕೇಳಿದರೆ ಅಲ್ಲಿ ಯಾರೂ ಹೇಳಲಿಲ್ಲ, ಸ್ಕೂಲಿನಲ್ಲಿ ಸಾಂದ್ರತೆ ಪಾಠ ಬಂದಾಗ ತಾನಾಗೇ ಗೊತ್ತಾಯಿತು.

ನನ್ನಲ್ಲಿ ಪ್ರಶ್ನೆ ಹುಟ್ಟಿಸಿದ ಇನ್ನೊಂದು ಜಾಗ ಬೆಲ್ಲ ಮಾಡುವ ಆಲೆಮನೆ. ಅಪ್ಪ, ದೊಡ್ಡಪ್ಪ ಸೇರಿ ನಡೆಸುತ್ತಿದ್ದರು. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ, ಅದಕ್ಕೆ ಸ್ವಲ್ಪ ಸುಣ್ಣ, ಮೇಲೆ ಬಂದ ಮಡ್ಡಿ ತೆಗೆಯುವುದು, ಒಣಗಿದ ರಚ್ಚನ್ನೇ (ಹಾಲು ಹಿಂಡಿ ಉಳಿದ ಕಬ್ಬಿನ ಸಿಪ್ಪೆ) ಒಲೆಗೆ ಹಾಕಿ ಗಂಟೆಗಟ್ಟಲೆ ಕುದಿಸುವುದು. ಹದ ನೋಡುವವರು ಅಪ್ಪ. ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಲ್ಲಿ ಹಿಡಿದು ನೋಡಿ "ಇಳ್ಸಿ" ಅಂದರೆ ಇಳಿಸಬೇಕು. ಕಡಿದ ಕಬ್ಬು ಎರಡು ಮೂರು ದಿನ ಬಿದ್ದಿದ್ದರೆ ಮಾತ್ರ ಅಪ್ಪನಿಗೆ ಸಿಟ್ಟು. "ಈ ಕಬ್ಬಲ್ಲಿ ಬೆಲ್ಲ ಕಟ್ಟಲ್ಲ" ಅನ್ನುತ್ತಿದ್ದರು. ನಿಜವಾಗಿಯೂ ಕಟ್ಟುತ್ತಿರಲಿಲ್ಲ, ಜಿನುಗುತ್ತಿತ್ತು. ಯಾಕೆ ಅನ್ನುವ ಪ್ರಶ್ನೆ ನನ್ನ ತಲೆಯಲ್ಲಿ ಹೊಕ್ಕಿದ್ದು ಆಗ.

ಹತ್ತನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಸ್ಕೂಲು, ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಾಗ ಎಲ್ಲ ಇಂಗ್ಲಿಷ್. ಕನ್ನಡ ಮೀಡಿಯಂನಿಂದ ಬಂದವರು ಬಿಟ್ಟು ಹೋಗುವುದೇ ಈ ಮೊದಲ ಕೆಲವು ತಿಂಗಳಲ್ಲಿ, ಹಾಗಾಗಿ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ. ಪಾಠ ಓದುವ ಮೊದಲು ಅದರ ಚಿತ್ರ ಬರೆಯುತ್ತಿದ್ದೆ. ಹೃದಯವೋ ಬ್ಯಾಟರಿ ಸೆಲ್ಲೋ, ಚಿತ್ರ ಮುಂದಿಟ್ಟುಕೊಂಡು ಅದು ಹೇಗೆ ಕೆಲಸ ಮಾಡುತ್ತೆ ಅಂತ ತಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವನಿಗೆ ಅರ್ಥವಾದರೆ ನನಗೂ ಅರ್ಥವಾಗಿದೆ ಅಂತ. ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದದ್ದು ಅದಾದ ಮೇಲೆ. ಸುಮ್ನೆ ಗೈಡ್ ಉರು ಹೊಡೆದಿದ್ದರೆ ಡಿಗ್ರಿಯಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ.

ಪಿಯುಸಿ ಆದ ಮೇಲೆ ನೆಂಟರದ್ದೆಲ್ಲ ಒಂದೇ ಮಾತು, ಎಂಜಿನಿಯರಿಂಗ್ ಮಾಡಿಸಿ. ಸೋದರಮಾವ ಮನೆಗೇ ಬಂದು ಕೂತರು. "ಬರೀ ಬಿ.ಎಸ್ಸಿ. ಓದಿ ಏನ್ ಮಾಡೀಯವ್ವ?" ಅಂದರು. ಅಪ್ಪ "ಅವಳಿಗೆ ಅದೇ ಇಷ್ಟ, ಓದ್ಲಿ ಬುಡಿ ಭಾವ" ಅಂತ ಹೇಳಿ ಮಾತು ಮುಗಿಸಿದರು. ಆ "ಬರೀ" ಅನ್ನುವ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ. ಬಿ.ಎಸ್ಸಿ. ಬೇರೇನೂ ಸಿಗದವರು ಸೇರುವ ಕೋರ್ಸ್ ಅಲ್ಲ, ಲ್ಯಾಬಿನಲ್ಲಿ ಕೈ ಪಳಗಿಸಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಯುವರಾಜ ಕಾಲೇಜಿನಲ್ಲಿ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಸಿಕ್ಕಿತು. 1928ರಲ್ಲಿ ಶುರುವಾದ ಕಾಲೇಜು. ಬೆಳಗ್ಗೆ ಪಾಂಡವಪುರ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತಿದರೆ ಶ್ರೀರಂಗಪಟ್ಟಣ, ನಾಗನಹಳ್ಳಿ, ಆಮೇಲೆ ಮೈಸೂರು. ಅಲ್ಲಿಂದ ಕಾಲೇಜಿಗೆ ನಡೆದುಕೊಂಡೇ ಹೋಗಬಹುದು. ಸೀಟು ಸಿಕ್ಕಿದ ದಿನ ರೈಲಿನಲ್ಲೇ ರೆಕಾರ್ಡ್ ಬರೆದು ಮುಗಿಸುತ್ತಿದ್ದೆ.

ನಾನು ಜಾಸ್ತಿ ಗಮನ ಕೊಟ್ಟಿದ್ದು ಪ್ರಾಕ್ಟಿಕಲ್ಸ್‌ಗೆ. ಒಬ್ಬರು ಮಾಡಿದ ರೀಡಿಂಗನ್ನು ಇಡೀ ಬ್ಯಾಚ್ ಬರೆದುಕೊಳ್ಳುವುದು ಎಲ್ಲ ಕಡೆ ಇದೆ. ನಾನು ನನ್ನ ಬ್ಯೂರೆಟ್ಟನ್ನು (ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ನಳ) ನಾನೇ ತೊಳೆದು, ನಾನೇ ತುಂಬಿ, ಎರಡು ರೀಡಿಂಗ್ ಒಂದೇ ಬರುವವರೆಗೆ ಮಾಡುತ್ತಿದ್ದೆ. ಲ್ಯಾಬಿನ ಅಟೆಂಡರ್ ಅಣ್ಣ ಕಲಿಸಿದ್ದು ತುಂಬ ಇದೆ. ನಳದ ತುದಿಯಲ್ಲಿ ಗಾಳಿ ಗುಳ್ಳೆ ನಿಂತಿದ್ದರೆ ಲೆಕ್ಕ ಪೂರ್ತಿ ತಪ್ಪುತ್ತೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ.

ಬೆಲ್ಲದ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಅಲ್ಲೇ. ಕಬ್ಬು ಕಡಿದಿಟ್ಟರೆ ಅದರಲ್ಲಿರುವ ಸುಕ್ರೋಸ್, ಅಂದರೆ ನಾವು ದಿನಾ ಬಳಸುವ ಸಕ್ಕರೆ, ಒಡೆದು ಗ್ಲೂಕೋಸ್, ಫ್ರಕ್ಟೋಸ್ ಅನ್ನುವ ಚಿಕ್ಕ ಸಕ್ಕರೆಗಳಾಗುತ್ತೆ. ಇವು ಹರಳು ಕಟ್ಟೋಕೆ ಬಿಡುವುದಿಲ್ಲ, ಗಾಳಿಯ ತೇವ ಬೇರೆ ಎಳೆದುಕೊಳ್ಳುತ್ತವೆ. ಅದಕ್ಕೇ ಬೆಲ್ಲ ಜಿನುಗುವುದು. ಕಬ್ಬಿನ ಹಾಲು ಸ್ವಲ್ಪ ಹುಳಿ, ಆ ಹುಳಿಯಲ್ಲಿ ಕುದಿಸಿದರೂ ಸುಕ್ರೋಸ್ ಒಡೆಯುತ್ತೆ, ಸುಣ್ಣ ಆ ಹುಳಿ ಮುರಿಯುತ್ತೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತೆ. ಅಪ್ಪನಿಗೆ ಹೇಳಿದಾಗ ಅರ್ಧ ಗಂಟೆ ಕೂತು ಕೇಳಿದರು, ಮಧ್ಯೆ ಮಧ್ಯೆ ಪ್ರಶ್ನೆ ಬೇರೆ. ನನಗಾದ ಖುಷಿ ಅಷ್ಟಿಷ್ಟಲ್ಲ.

ಎಂ.ಎಸ್ಸಿ. ಕೆಮಿಸ್ಟ್ರಿ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ. ಆ ಹೆಸರು ಕೊಟ್ಟವರು ಕುವೆಂಪು, ಅಲ್ವಾ? ವಿಜ್ಞಾನ ಕನ್ನಡದಲ್ಲೇ ಬರಬೇಕು ಅಂತ ಪಟ್ಟು ಹಿಡಿದವರು ಅವರು, ಅದು ನೆನಪಾದಾಗಲೆಲ್ಲ ನನಗೆ ಧೈರ್ಯ ಬರುತ್ತಿತ್ತು. ನಾನು ಸೇರಿದ್ದು ಕೊರೋನಾ ಕಾಲದಲ್ಲಿ. ಮೊದಲ ಕ್ಲಾಸುಗಳೆಲ್ಲ ಮೊಬೈಲಿನಲ್ಲಿ, ನೆಟ್‌ವರ್ಕ್ ಸಿಗಲಿ ಅಂತ ಮನೆ ಮೇಲೆ ಕೂತು ಕೇಳಿದ್ದು. ಮೊಬೈಲಿನಲ್ಲಿ ಥಿಯರಿ ಕಲಿಯಬಹುದು, ಟೈಟ್ರೇಷನ್ (ಬ್ಯೂರೆಟ್ಟಿನಿಂದ ಹನಿಹನಿ ಬಿಟ್ಟು ಅಳೆಯುವುದು) ಕಲಿಯೋಕಾಗಲ್ಲ. ಲ್ಯಾಬ್ ತೆರೆದ ಮೇಲೆ ಬಿಡುವಿದ್ದಾಗಲೆಲ್ಲ ಅಲ್ಲೇ ಇರುತ್ತಿದ್ದೆ.

ಕೆಲಸದ ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್ ಮೇಲೆ ಒಮ್ಮೆ ಕಣ್ಣಾಡಿಸಿ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಮಾಡಿ ಅದರಲ್ಲಿ ನಿಜವಾಗಿ ಎಷ್ಟು ಸೋಡಿಯಂ ಹೈಡ್ರಾಕ್ಸೈಡ್ ಇದೆ ಅಂತ ಕಂಡುಹಿಡಿ ಅಂದರು. ತೂಕ ಮಾಡಿ ಹಾಕಿದರೆ ಸಾಲದಾ ಅಂತಲೂ ಕೇಳಿದರು. ಸಾಲದು, ಅದು ತೂಗುತ್ತಿರುವಾಗಲೇ ಗಾಳಿಯಿಂದ ತೇವ, ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತೆ, ಆಕ್ಸಾಲಿಕ್ ಆಮ್ಲದ ಜೊತೆ ಹೋಲಿಸಿ ನೋಡಬೇಕು ಅಂದೆ. ಮಾಡಿ ತೋರಿಸಿದೆ. ಕೆಲಸ ಸಿಕ್ಕಿತು. ಸಂಬಳ ಮೊದಲಿಗೆ ಕಡಿಮೆಯೇ, ಮುಚ್ಚಿಟ್ಟು ಹೇಳುವುದಿಲ್ಲ. ಎಂಜಿನಿಯರಿಂಗ್ ಮಾಡಿದ ಗೆಳತಿಯರಿಗೆ ನನಗಿಂತ ಜಾಸ್ತಿ ಬರುತ್ತಿತ್ತು.

ಈಗ ಬೆಲ್ಲ ಬಂದರೆ ಹೆಚ್ಚಾಗಿ ನನ್ನ ಟೇಬಲ್ಲಿಗೇ ಬರುತ್ತೆ. ನಿಯಮದ ಪ್ರಕಾರ ಗಟ್ಟಿ ಬೆಲ್ಲದಲ್ಲಿ ತೇವ ಶೇ. 10 ಮೀರಬಾರದು. ತೇವ ಕಳೆದ ಲೆಕ್ಕದಲ್ಲಿ ಒಟ್ಟು ಸಕ್ಕರೆ ಶೇ. 90, ಸುಕ್ರೋಸ್ ಶೇ. 60 ಆದರೂ ಇರಬೇಕು. ಸಕ್ಕರೆ ಅಳೆಯುವುದು ಫೆಹ್ಲಿಂಗ್ ದ್ರಾವಣ ಅನ್ನುವ ತಾಮ್ರದ ನೀಲಿ ದ್ರಾವಣದಲ್ಲಿ. ಕುದಿಯುತ್ತಿರುವ ನೀಲಿ ದ್ರಾವಣಕ್ಕೆ ಬ್ಯೂರೆಟ್ಟಿನಿಂದ ಬೆಲ್ಲದ ನೀರು ಬಿಡುತ್ತಾ ಹೋಗಬೇಕು, ಕೊನೆಗೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಎರಡು ಹನಿ ಹಾಕಿ, ನೀಲಿ ಪೂರ್ತಿ ಹೋಗಿ ಇಟ್ಟಿಗೆ ಕೆಂಪು ಉಳಿದಾಗ ನಿಲ್ಲಿಸಬೇಕು. ಕುದಿ ನಿಂತರೆ ಗಾಳಿ ಸೇರಿ ನೀಲಿ ವಾಪಸ್ ಬರುತ್ತೆ. ಸುಕ್ರೋಸ್ ನೇರವಾಗಿ ಇದಕ್ಕೆ ಸಿಗುವುದಿಲ್ಲ, ಮೊದಲು ಆಮ್ಲ ಹಾಕಿ ಒಡೆಯಬೇಕು, ಒಡೆಯುವ ಮುಂಚೆ ಬಂದ ಸಕ್ಕರೆಯನ್ನು ಒಡೆದ ಮೇಲೆ ಬಂದದ್ದರಲ್ಲಿ ಕಳೆದು 0.95ರಿಂದ ಗುಣಿಸಬೇಕು.

ಮುಖ್ಯವಾದದ್ದು ಗಂಧಕದ ಡೈಆಕ್ಸೈಡ್. ಅದಕ್ಕೆ ಮಿತಿ 70 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 70 ಭಾಗ. ಬೆಲ್ಲ ಹಳದಿಯಾಗಿ ಹೊಳೆಯಲಿ ಅಂತ ಹೈಡ್ರೋಸ್ ಅನ್ನುವ, ಗಂಧಕ ಇರುವ ಬಣ್ಣ ತೆಗೆಯುವ ಪುಡಿ ಹಾಕುವವರಿದ್ದಾರೆ, ಹಾಕಿದ ಸ್ಯಾಂಪಲ್ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೆ. ನಾನು ಆಲೆಮನೆಯವರನ್ನು ಮಾತ್ರ ಬೈಯಲಾರೆ. ಕಂದು ಬೆಲ್ಲ ತೆಗೆದುಕೊಂಡು ಹೋದರೆ ಮಂಡಿಯಲ್ಲಿ ಕಡಿಮೆ ರೇಟು ಹಾಕುತ್ತಾರೆ, ಅದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಬಣ್ಣ ನೋಡಿ ಕೊಳ್ಳುವುದನ್ನು ನಾವು ಬಿಡಬೇಕು. ನಮ್ಮ ಆಲೆಮನೆಯಲ್ಲಿ ಈಗ ಬೆಂಡೆ ಗಿಡ ಜಜ್ಜಿ ಅದರ ಲೋಳೆಯನ್ನೇ ಮಡ್ಡಿ ತೆಗೆಯೋಕೆ ಹಾಕುತ್ತಾರೆ. ಬೆಲ್ಲ ಕಂದು ಬಣ್ಣ, ಹುಡುಕಿಕೊಂಡು ಬಂದು ಒಯ್ಯುವ ಕೆಲವು ಮನೆಗಳಿವೆ.

ಮದುವೆ ವಿಷಯ ಮನೆಯಲ್ಲಿ ಆಗಾಗ ಬರುತ್ತೆ. ಫುಡ್ ಅನಲಿಸ್ಟ್ ಪರೀಕ್ಷೆ ಮುಗಿಯುವವರೆಗೆ ಬೇಡ ಅಂತ ಹೇಳಿದ್ದೇನೆ, ಅವ್ವ ನನ್ನ ಪರ ಇದ್ದಾರೆ. ಆ ಪರೀಕ್ಷೆ ಬರೆಯೋಕೆ ಕೆಮಿಸ್ಟ್ರಿಯಂಥ ವಿಷಯದಲ್ಲಿ ಎಂ.ಎಸ್ಸಿ. ಜೊತೆಗೆ ಆಹಾರ ಪರೀಕ್ಷೆಯಲ್ಲಿ ಮೂರು ವರ್ಷದ ಅನುಭವ ಬೇಕು. ಪಾಸಾದರೆ ರಿಪೋರ್ಟಿಗೆ ನಾನೇ ಸಹಿ ಹಾಕಬಹುದು. ಅದರಲ್ಲೂ ಪ್ರಾಕ್ಟಿಕಲ್ ಇದೆ, ಸದ್ಯಕ್ಕೆ ಸಂಜೆ ಲ್ಯಾಬ್ ಖಾಲಿಯಾದ ಮೇಲೆ ಎಣ್ಣೆ, ತುಪ್ಪದ ಪರೀಕ್ಷೆಗಳನ್ನು ಮತ್ತೆ ಮಾಡಿ ನೋಡುತ್ತಿದ್ದೇನೆ.